ಹುಡುಗೀರು ಆಡ್ತಾರೆ, ಸೀಟಿ ಮಾತ್ರ ಗಂಡಸರ ಬಾಯಲ್ಲಿ!

ಕಳೆದ ಶನಿವಾರ ಸಂಜೆ ಐದರ ಹೊತ್ತು. ಮಾಸ್ಕ್ ರೋಡಿನಲ್ಲಿ ಒಂದು ಚಹಾ ಕುಡಿದು, ನಮ್ಮ ಪುಲಿಕೇಶಿನಗರದ ಒಂದು ಆಟದ ಬಯಲಿನ ಗೇಟಿನ ಹತ್ತಿರ ನಿಂತಿದ್ದೆ. ಒಳಗೆ ಐವತ್ತು ಅರವತ್ತು ಹುಡುಗರು. ಒಂದೇ ಬಯಲಿನಲ್ಲಿ ಮೂರು ಕ್ರಿಕೆಟ್ಟು, ಎರಡು ಫುಟ್‌ಬಾಲು. ಯಾರ ಚೆಂಡು ಯಾರ ತಲೆಗೆ ಬೀಳುತ್ತೋ ದೇವರಿಗೇ ಗೊತ್ತು. ಗೇಟಿನ ಹೊರಗೆ ಒಂದು ಆಟೋ. ಅದರ ಪಕ್ಕದಲ್ಲಿ ಹನ್ನೆರಡು ಹದಿಮೂರರ ಹುಡುಗಿ. ಕೈಯಲ್ಲಿ ಹಳೇ ಬಟ್ಟೆ ಸುತ್ತಿದ ಹಾಕಿ ಸ್ಟಿಕ್ಕು.

ಆಟೋ ಓಡಿಸುವವರು ಅವಳ ತಂದೆ. ನನ್ನ ಗುರುತು ಹಿಡಿದು ಕೇಳಿದರು: ‘ಸಾರ್, ನೀವು ಪೇಪರಿನವರಲ್ವಾ? ಇಲ್ಲಿ ಹುಡುಗೀರಿಗೆ ಹಾಕಿ ಹೇಳಿಕೊಡೋ ಮೇಡಂ ಯಾರಾದ್ರೂ ಇದ್ದಾರಾ?’

‘ಮೇಡಂ ಯಾರೂ ಇದ್ದಂಗಿಲ್ಲ. ವಿಚಾರಿಸಿದ್ರೆ ಯಾರಾದ್ರೂ ಸಾರ್ ಸಿಗ್ತಾರೆ’ ಅಂದೆ.

‘ಸಾರ್ ಸಿಗ್ತಾರೆ ಅಂತ ನಂಗೂ ಗೊತ್ತು ಸಾರ್. ನಾನು ಕೇಳಿದ್ದು ಮೇಡಂ.’

ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಗಿ ಇನ್ನೂ ಹತ್ತು ನಿಮಿಷ ಆಟ ನೋಡಿದಳು. ಆಮೇಲೆ ಸ್ಟಿಕ್ಕನ್ನು ಹಿಂದಿನ ಸೀಟಿನಲ್ಲಿಟ್ಟು ತಾನೂ ಕೂತಳು. ಆಟೋ ಹೊರಟುಹೋಯಿತು.

ಓದುಗ ಮಹಾಶಯರೇ, ಇವತ್ತಿನ ಈ ಅಂಕಣ ಆ ಹುಡುಗಿಯ ಬಗ್ಗೆ.

ಕೆಲವರು ಈಗಾಗಲೇ ಮೂಗು ಮುರಿದಿರಬಹುದು. ‘ಇದೇನ್ರೀ, ಈಗೇನು ಹೆಣ್ಣುಮಕ್ಕಳಿಗೆ ಕಮ್ಮಿಯಾಗಿದೆ? ವಿಶ್ವಕಪ್ಪೇ ಗೆದ್ದುಬಿಟ್ರಲ್ಲ!’ ಗೆದ್ದದ್ದು ನಿಜ. 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ದಕ್ಷಿಣ ಆಫ್ರಿಕಾವನ್ನು ಸೋಲಿಸಿ ನಮ್ಮ ಹುಡುಗಿಯರು ಕಪ್ಪು ಎತ್ತಿದಾಗ ಈ ವರದಿಗಾರನ ಕಣ್ಣಲ್ಲೂ ನೀರು ಬಂದಿತ್ತು. ಅಷ್ಟೇ ಏಕೆ, ‘ಈ ಸಲ ಕಪ್ ನಮ್ದೇ’ ಅಂತ ವರ್ಷವರ್ಷವೂ ಗಂಟಲು ಹರಿದುಕೊಂಡ ಊರು ನಮ್ಮದು. ಆರ್‌ಸಿಬಿ ಹೆಸರಿಗೆ ಮೊದಲ ಕಪ್ಪು ತಂದವರು ಯಾರು? 2024ರ ಮಾರ್ಚ್‌ನಲ್ಲಿ ಹೆಣ್ಣುಮಕ್ಕಳು! ಗಂಡಸರು ತಂದದ್ದು 2025ರ ಜೂನ್‌ನಲ್ಲಿ, ಹದಿನೆಂಟನೇ ಸಲಕ್ಕೆ.

ದುಡ್ಡಿನ ವಿಷಯದಲ್ಲೂ ಒಂದು ಒಳ್ಳೆ ಕೆಲಸ ಆಗಿದೆ. 2022ರ ಅಕ್ಟೋಬರ್‌ನಲ್ಲಿ ಕ್ರಿಕೆಟ್ ಮಂಡಳಿಯವರು ಗಂಡಸರಿಗೂ ಹೆಂಗಸರಿಗೂ ಪಂದ್ಯದ ಫೀಸು ಒಂದೇ ಅಂತ ಸಾರಿದರು. ಟೆಸ್ಟಿಗೆ 15 ಲಕ್ಷ, ಒಂದು ದಿನದ ಪಂದ್ಯಕ್ಕೆ 6 ಲಕ್ಷ, ಟಿ-20ಗೆ 3 ಲಕ್ಷ. ಭೇಷ್! ವರ್ಷದ ಗುತ್ತಿಗೆಯ ಮೊತ್ತದಲ್ಲಿ ಅಂತರ ಹಾಗೇ ಉಳಿಯಿತು ಅನ್ನುವ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡೋಣ.

ಆದರೆ ಆಡುವವರನ್ನು ಬಿಟ್ಟು ಆಡಿಸುವವರ ಕಡೆ ಒಂದು ಸಲ ತಿರುಗಿ ನೋಡಿ. ವಿಶ್ವಕಪ್ ಗೆದ್ದ ಹೆಣ್ಣುಮಕ್ಕಳ ತಂಡದ ಕೋಚ್ ಅಮೋಲ್ ಮಜುಂದಾರ್. 2024ರಲ್ಲಿ ಕಪ್ಪು ತಂದ ಆರ್‌ಸಿಬಿ ಹುಡುಗಿಯರ ಕೋಚ್ ಆಸ್ಟ್ರೇಲಿಯಾದ ಲ್ಯೂಕ್ ವಿಲಿಯಮ್ಸ್. ಇಬ್ಬರೂ ಗಂಡಸರು, ಇಬ್ಬರೂ ಸಮರ್ಥರು, ಅದರಲ್ಲಿ ಎರಡು ಮಾತಿಲ್ಲ. ಹಾಕಿಗೆ ಬನ್ನಿ. ಭಾರತದ ಹೆಣ್ಣುಮಕ್ಕಳ ತಂಡಕ್ಕೆ ಹಾಲೆಂಡಿನ ಯಾನೆಕೆ ಸ್ಕೋಪ್‌ಮನ್ ಎಂಬಾಕೆ 2021ರಲ್ಲಿ ಮುಖ್ಯ ಕೋಚ್ ಆಗಿ ಬಂದರು. ಹೆಂಗಸಾದ್ದರಿಂದ ತನ್ನ ಮಾತಿಗೆ ಬೆಲೆ ಇಲ್ಲ ಅಂತ ಬಾಯಿಬಿಟ್ಟು ಹೇಳಿ 2024ರ ಫೆಬ್ರವರಿಯಲ್ಲಿ ರಾಜೀನಾಮೆ ಕೊಟ್ಟು ಹೋದರು. ಅವರ ಜಾಗಕ್ಕೆ ಬಂದವರು ಹರೇಂದ್ರ ಸಿಂಗ್. ಮತ್ತೆ ಗಂಡಸು.

ಇದು ನಮ್ಮ ದೇಶದ ರೋಗ ಮಾತ್ರ ಅಂದುಕೊಳ್ಳಬೇಡಿ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಆಟಗಾರರ ಜಾಗಗಳನ್ನು ಗಂಡು ಹೆಣ್ಣು ಸಮಸಮ ಹಂಚಿದರು. ಅದಕ್ಕೆ ಮುಂಚಿನ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪಾಸು ಪಡೆದ ಕೋಚ್‌ಗಳಲ್ಲಿ ಹೆಂಗಸರು ಎಷ್ಟು ಗೊತ್ತೇ? ನೂರಕ್ಕೆ 13! ಆಡೋಕೆ ಅರ್ಧ ಪಾಲು, ಆಡಿಸೋಕೆ ಎಂಟನೇ ಒಂದು ಪಾಲು.

ಹಾಗಂತ ನಮ್ಮ ದಂಡು ಪ್ರದೇಶದಲ್ಲಿ ಹೆಣ್ಣುಮಕ್ಕಳು ಆಡಿಲ್ಲವೇ? ಇತಿಹಾಸ ಕೇಳಿ. ಎಲ್ವೆರಾ ಬ್ರಿಟ್ಟೊ ಎಂಬ ಹೆಸರು ಈಗಿನ ಹುಡುಗರಿಗೆ ಗೊತ್ತಿಲ್ಲದಿರಬಹುದು. ಎಲ್ವೆರಾ, ರೀಟಾ, ಮೇ ಅಂತ ಬೆಂಗಳೂರಿನ ಮೂವರು ಅಕ್ಕತಂಗಿಯರು, ಮೂವರೂ ಹಾಕಿ ಆಟಗಾರ್ತಿಯರು. 1960ರಿಂದ 1967ರವರೆಗೆ ಎಲ್ವೆರಾ ನಾಯಕತ್ವದಲ್ಲಿ ಮೈಸೂರು ರಾಜ್ಯದ ಹೆಣ್ಣುಮಕ್ಕಳ ತಂಡ ಏಳು ಸಲ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಏಳು ಸಲ ಸ್ವಾಮಿ! ರಾಜ್ಯದ ಗಂಡಸರ ತಂಡಕ್ಕೆ ಇಂಥಾ ದಾಖಲೆ ಇದ್ದಿದ್ದರೆ ಇಷ್ಟು ಹೊತ್ತಿಗೆ ಒಂದು ವೃತ್ತಕ್ಕೆ ಹೆಸರಿಟ್ಟು ಪ್ರತಿಮೆ ನಿಲ್ಲಿಸುತ್ತಿದ್ದೆವು. 1965ರಲ್ಲಿ ಎಲ್ವೆರಾ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ಹಾಕಿಯಲ್ಲಿ ಆ ಪ್ರಶಸ್ತಿ ಪಡೆದ ಎರಡನೇ ಹೆಂಗಸು ಆಕೆ. 2022ರ ಏಪ್ರಿಲ್‌ನಲ್ಲಿ 81ನೇ ವಯಸ್ಸಿನಲ್ಲಿ ಇದೇ ಊರಿನಲ್ಲಿ ತೀರಿಕೊಂಡರು.

ಇನ್ನು ಕ್ರಿಕೆಟ್ಟು. ಭಾರತದ ಹೆಣ್ಣುಮಕ್ಕಳು ತಮ್ಮ ಮೊಟ್ಟಮೊದಲ ಟೆಸ್ಟ್ ಆಡಿದ್ದು ಎಲ್ಲಿ? ಬಾಂಬೆಯಲ್ಲೂ ಅಲ್ಲ, ಕಲ್ಕತ್ತಾದಲ್ಲೂ ಅಲ್ಲ. ನಮ್ಮ ಶಿವಾಜಿನಗರದಿಂದ ನಡೆದುಕೊಂಡು ಹೋಗಬಹುದಾದ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, 1976ರ ಅಕ್ಟೋಬರ್ 31ರಿಂದ, ವೆಸ್ಟ್ ಇಂಡೀಸ್ ವಿರುದ್ಧ. ನಾಯಕಿ ನಮ್ಮ ಶಾಂತಾ ರಂಗಸ್ವಾಮಿ. ಅದೇ ಸರಣಿಯಲ್ಲಿ ಪಟ್ನಾದಲ್ಲಿ ಮೊದಲ ಗೆಲುವು. ಮಾರನೇ ವರ್ಷ ನ್ಯೂಜಿಲೆಂಡಿನಲ್ಲಿ ಶಾಂತಾ ಹೊಡೆದ 108 ರನ್ನು ಟೆಸ್ಟ್‌ನಲ್ಲಿ ಭಾರತದ ಹೆಣ್ಣುಮಗಳೊಬ್ಬಳ ಮೊದಲ ಶತಕ. ರಿಸರ್ವೇಷನ್ ಇಲ್ಲದ ರೈಲು ಬೋಗಿಯಲ್ಲಿ ಕೂತು, ಸಿಕ್ಕಿದ ಕಡೆ ಮಲಗಿ ಆಡಿದ ತಲೆಮಾರು ಅದು.

2025ರ ವಿಶ್ವಕಪ್ಪಿನ ಮೊದಲ ಪಂದ್ಯವೂ ಇದೇ ಚಿನ್ನಸ್ವಾಮಿಯಲ್ಲಿ ನಡೆಯಬೇಕಿತ್ತು. ಜೂನ್ 4ರಂದು ಗಂಡಸರ ತಂಡದ ಕಪ್ಪಿನ ಸಂಭ್ರಮದಲ್ಲಿ ಗೇಟಿನ ಬಳಿ ನೂಕುನುಗ್ಗಲಾಗಿ ಹನ್ನೊಂದು ಜೀವ ಹೋಯಿತು. ಆ ತಾಯಂದಿರ ಸಂಕಟದ ಮುಂದೆ ಆಟ ಯಾವ ಲೆಕ್ಕ? ಪಂದ್ಯಗಳನ್ನು ಬೇರೆ ಕಡೆಗೆ ಸಾಗಿಸಿದ್ದು ಸರಿಯೇ. ಆದರೂ ಯಾರದೋ ವ್ಯವಸ್ಥೆಯ ತಪ್ಪಿಗೆ ನಮ್ಮೂರ ಹುಡುಗಿಯರು ತಮ್ಮ ಊರಲ್ಲಿ ವಿಶ್ವಕಪ್ ನೋಡೋ ಭಾಗ್ಯ ಕಳಕೊಂಡರು ಅನ್ನೋದು ಮರೆಯುವಂಥದ್ದಲ್ಲ.

ಹೀಗೆ ಆಡಿದವರೆಲ್ಲ ಆಮೇಲೆ ಏನಾದರು? ಕೆಲವರು ದಾರಿ ಮಾಡಿಕೊಂಡರು. ಭಾರತದ ನಾಯಕಿಯಾಗಿದ್ದ ನಮ್ಮ ಮಮತಾ ಮಾಬೆನ್ ಬಾಂಗ್ಲಾದೇಶಕ್ಕೂ ಚೀನಾಕ್ಕೂ ಹೋಗಿ ಅಲ್ಲಿನ ಹೆಣ್ಣುಮಕ್ಕಳಿಗೆ ಕ್ರಿಕೆಟ್ ಹೇಳಿಕೊಟ್ಟರು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈಜಿದ ನಿಶಾ ಮಿಲೆಟ್ ಇದೇ ಬೆಂಗಳೂರಿನಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾ ಬಂದಿದ್ದಾರೆ. ಓಟಗಾರ್ತಿ ಅಶ್ವಿನಿ ನಾಚಪ್ಪ ಕೊಡಗಿನಲ್ಲಿ ಶಾಲೆಯನ್ನೇ ಕಟ್ಟಿದರು. ಅಂದರೆ ನಮ್ಮ ಹೆಂಗಸರಿಗೆ ಕಲಿಸೋ ತಾಕತ್ತಿಲ್ಲ ಅನ್ನೋದು ಸುಳ್ಳು.

ಆದರೆ ಇವರೆಲ್ಲ ದೊಡ್ಡ ಹೆಸರಿನವರು. ಜಿಲ್ಲಾ ಮಟ್ಟದವರೆಗೆ, ರಾಜ್ಯ ಮಟ್ಟದವರೆಗೆ ಆಡಿದವರು ನಮ್ಮ ಬೀದಿಗಳಲ್ಲೇ ನೂರಾರು ಜನ ಇದ್ದಾರೆ. ಅದೃಷ್ಟ ಇದ್ದವರಿಗೆ ಕ್ರೀಡಾ ಕೋಟಾದಲ್ಲಿ ರೈಲ್ವೆಯಲ್ಲೋ ಬ್ಯಾಂಕಿನಲ್ಲೋ ಕೆಲಸ ಸಿಕ್ಕಿತು. ಉಳಿದವರು ಮದುವೆ, ಮಕ್ಕಳು, ಮನೆ. ಕೋಚ್ ಆಗಬೇಕಾದರೆ ಡಿಪ್ಲೊಮಾ ಬೇಕು, ತಿಂಗಳುಗಟ್ಟಲೆ ಮನೆ ಬಿಟ್ಟಿರಬೇಕು. ಎರಡು ವರ್ಷದ ಮಗು ಇರೋ ಹೆಂಗಸನ್ನ ಯಾವ ಅತ್ತೆ, ಯಾವ ಗಂಡ ಕಳಿಸಿಕೊಡ್ತಾರೆ? ಹೇಗೋ ಮಾಡಿ ಮುಗಿಸಿದರೂ ಸಿಗೋದು ಬಹಳ ಕಡೆ ಗುತ್ತಿಗೆ ಕೆಲಸ. ಬೆಳಗ್ಗೆ ಆರಕ್ಕೆ ಬಯಲಿನಲ್ಲಿರಬೇಕು, ಸಂಜೆ ಏಳರ ತನಕ ಮತ್ತೆ ಬಯಲು. ಅದೇ ಹೊತ್ತಿಗೆ ಮನೆಯಲ್ಲಿ ತಿಂಡಿ, ಅಡುಗೆ. ಗಂಡಸಿಗೆ ಈ ಲೆಕ್ಕ ಇಲ್ಲ. ಅವನು ಸೀಟಿ ಊದಿ ಮನೆಗೆ ಬಂದರೆ ಊಟ ರೆಡಿ!

‘ಕೋಚ್‌ಗೆ ಗಂಡು ಹೆಣ್ಣು ಏನ್ರೀ? ಚೆನ್ನಾಗಿ ಕಲಿಸಿದ್ರೆ ಆಯ್ತಪ್ಪ’ ಅನ್ನುವವರಿದ್ದಾರೆ. ಒಪ್ಪಿದೆ. ಪಿ.ಟಿ. ಉಷಾ ಅವರನ್ನ ತಯಾರು ಮಾಡಿದವರು ನಂಬಿಯಾರ್ ಮೇಷ್ಟ್ರು. 2003ರಲ್ಲಿ ಪ್ಯಾರಿಸ್ಸಿನಲ್ಲಿ ವಿಶ್ವ ಕಂಚು ಗೆದ್ದ ಅಂಜು ಅವರ ಕೋಚ್ ಗಂಡ ಬಾಬಿ ಜಾರ್ಜ್. ಆದರೆ ಗಂಡು ಹೆಣ್ಣು ಲೆಕ್ಕಕ್ಕಿಲ್ಲ ಅಂದಮೇಲೆ ಆ ಮಾತು ಎರಡೂ ಕಡೆಗೆ ಸಲ್ಲಬೇಕಲ್ಲವೇ? ಟೆನಿಸ್ಸಿನಲ್ಲಿ ಆಂಡಿ ಮರೆ 2014ರಲ್ಲಿ ಅಮೆಲಿ ಮೊರೆಸ್ಮೊ ಎಂಬ ಹೆಂಗಸನ್ನು ಕೋಚ್ ಮಾಡಿಕೊಂಡಾಗ ಪ್ರಪಂಚವೆಲ್ಲ ಬೆರಗಾಯಿತು. ನಮ್ಮ ಬಡಾವಣೆಯಲ್ಲಿ ಹುಡುಗರ ಫುಟ್‌ಬಾಲ್ ತಂಡಕ್ಕೆ ಒಬ್ಬ ಹೆಂಗಸು ಸೀಟಿ ಊದಿದ್ದನ್ನ ನೀವು ನೋಡಿದ್ದೀರಾ? ಹನ್ನೆರಡು ವರ್ಷದಿಂದ ಈ ಕಡೆ ತಿರುಗಾಡ್ತಿರೋ ನಾನಂತೂ ನೋಡಿಲ್ಲ.

ಈಗ ನನ್ನ ಮನೆಯದೇ ಒಂದು ಮಾತು. ನನ್ನ ಅಕ್ಕ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಹೈಸ್ಕೂಲಿನಲ್ಲಿ ಕಬಡ್ಡಿಯಲ್ಲಿ ಪಳಗಿದ ಕೈ. ಒಮ್ಮೆ ಪರ ಊರಿನಲ್ಲಿ ಪಂದ್ಯ, ಎರಡು ರಾತ್ರಿ ಅಲ್ಲೇ ಇರಬೇಕು. ಜೊತೆಗೆ ಹೊರಟವರು ಇಬ್ಬರು ಮೇಷ್ಟ್ರುಗಳು, ಹೆಂಗಸರು ಒಬ್ಬರೂ ಇಲ್ಲ. ಮೇಷ್ಟ್ರುಗಳು ಒಳ್ಳೆಯವರೇ. ಆದರೂ ಅಪ್ಪ ‘ಬೇಡ’ ಅಂದರು. ಅಕ್ಕ ಎರಡು ದಿನ ಊಟ ಬಿಟ್ಟಳು, ಆಮೇಲೆ ಕಬಡ್ಡಿಯನ್ನೇ ಬಿಟ್ಟಳು. ಕೆಲವು ವರ್ಷದ ನಂತರ ಅದೇ ಅಪ್ಪ ನನಗೆ ಹೊಸ ಬೂಟು ಕೊಡಿಸಿ ಕ್ರಿಕೆಟ್ಟಿಗೆ ಅಂತ ಪರ ಊರಿಗೆ ಕಳಿಸಿದರು. ನಾನು ಕ್ರಿಕೆಟ್ಟನ್ನೂ ಕಲಿಯಲಿಲ್ಲ, ಪಿಯುಸಿಯನ್ನೂ ಮುಗಿಸಲಿಲ್ಲ. ನನಗೆ ಸಿಕ್ಕಿದ ಅವಕಾಶವನ್ನ ನಾನೇ ಹಾಳು ಮಾಡಿಕೊಂಡೆ. ಅವಳಿಗೆ ಹಾಳು ಮಾಡಿಕೊಳ್ಳೋಕೂ ಅವಕಾಶ ಸಿಗಲಿಲ್ಲ.

ಅಪ್ಪನನ್ನ ಬೈಯೋದು ಸುಲಭ. ಆದರೆ 2023ರಲ್ಲಿ ದೇಶಕ್ಕೆ ಪದಕ ತಂದ ಕುಸ್ತಿಯ ಹೆಣ್ಣುಮಕ್ಕಳು ದೆಹಲಿಯ ಜಂತರ್ ಮಂತರ್‌ನಲ್ಲಿ ಬೀದಿಗೆ ಕೂತು ತಮಗೆ ಲೈಂಗಿಕ ಕಿರುಕುಳ ಆಗಿದೆ ಅಂತ ದೂರು ಹೇಳಿದ್ದನ್ನ ದೇಶವೆಲ್ಲ ನೋಡಿದೆ. ಅದನ್ನ ಟೀವಿಯಲ್ಲಿ ನೋಡಿದ ಆಟೋ ಡ್ರೈವರು ತನ್ನ ಮಗಳಿಗೆ ‘ಮೇಡಂ’ ಹುಡುಕಿದರೆ ತಪ್ಪೇನು? ಒಂದು ಹೆಂಗಸು ಬಯಲಿನಲ್ಲಿ ನಿಂತರೆ ಹತ್ತು ಮನೆಯ ಬಾಗಿಲು ತೆಗೆಯುತ್ತೆ. ಇಷ್ಟೇ ವಿಷಯ.

ಕಾನೂನು ಇಲ್ಲವೇ? ಇದೆ. 2013ರ ಲೈಂಗಿಕ ಕಿರುಕುಳ ತಡೆ ಕಾಯಿದೆಯಲ್ಲಿ ಆಫೀಸು, ಕಾರ್ಖಾನೆ ಮಾತ್ರವಲ್ಲ, ಕ್ರೀಡಾ ಸಂಸ್ಥೆ ಮತ್ತು ಕ್ರೀಡಾಂಗಣವೂ ‘ಕೆಲಸದ ಸ್ಥಳ’ವೇ. ಹತ್ತು ಜನ ಕೆಲಸ ಮಾಡುವ ಕಡೆ ದೂರು ಸಮಿತಿ ಇರಲೇಬೇಕು. ಅದಕ್ಕೂ ಕಮ್ಮಿ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಈ ವಿಷಯ ಬರೆದ ಒಂದು ಬೋರ್ಡು ನಮ್ಮ ಬಯಲುಗಳ ಗೇಟಿನಲ್ಲಿ ಎಲ್ಲಿದೆ ಅಂತ ಹುಡುಕಿದೆ. ನನ್ನ ಕಣ್ಣಿಗೆ ಬಿದ್ದದ್ದು ‘ಇಲ್ಲಿ ಕಸ ಹಾಕಬಾರದು’ ಒಂದೇ. 2025ರ ಕ್ರೀಡಾ ಆಡಳಿತ ಕಾಯಿದೆಯಂತೆ ರಾಷ್ಟ್ರೀಯ ಕ್ರೀಡಾ ಸಂಸ್ಥೆಗಳ ಕಾರ್ಯಕಾರಿ ಸಮಿತಿಯಲ್ಲಿ ಕನಿಷ್ಠ ನಾಲ್ವರು ಹೆಂಗಸರಿರಬೇಕು. ದೆಹಲಿಯ ಕುರ್ಚಿ ತುಂಬಿತು ಅಂತಲೇ ಇಟ್ಟುಕೊಳ್ಳಿ. ಪುಲಿಕೇಶಿನಗರದ ಬಯಲು?

ನಮ್ಮ ಬಡಾವಣೆ ಹುಟ್ಟಿದ್ದೇ 1898ರ ಪ್ಲೇಗಿನ ನಂತರ, ಜನಕ್ಕೆ ಗಾಳಿ ಬೆಳಕು ಬೇಕು ಅಂತ. ಫ್ರೇಜರ್ ಟೌನ್ ಹೋಗಿ ಪುಲಿಕೇಶಿನಗರ ಆಯಿತು, ಒಂದು ಮಹಾನಗರ ಪಾಲಿಕೆ ಇದ್ದದ್ದು ಒಡೆದು ಐದಾಯಿತು. ಆದರೆ ಆ ಗಾಳಿ ಬೆಳಕಿನಲ್ಲಿ ಹೆಣ್ಣುಮಗುವಿನ ಪಾಲು ಎಷ್ಟು ಅಂತ ಯಾರೂ ಅಳೆದಿಲ್ಲ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಪುಕ್ಕಟೆ. ಒಳ್ಳೆಯದೇ. ಹುಡುಗಿ ಟಿಕೆಟ್ಟಿಲ್ಲದೆ ಬಯಲಿನ ಗೇಟಿನವರೆಗೆ ಬರಬಹುದು. ಗೇಟಿನ ಒಳಗೆ ಹೋಗೋದು ಹೇಗೆ?

ಈ ವರದಿಗಾರ ಕೇಳೋದು ಸ್ಟೇಡಿಯಮ್ಮನ್ನಲ್ಲ, ಕೋಟಿಯನ್ನಲ್ಲ. ಒಂದು, ಪ್ರತಿ ಸಾರ್ವಜನಿಕ ಬಯಲಿನಲ್ಲೂ ವಾರಕ್ಕೆ ಮೂರು ದಿನ ಸಂಜೆ ನಾಲ್ಕೂವರೆಯಿಂದ ಆರರವರೆಗೆ ಹೆಣ್ಣುಮಕ್ಕಳಿಗೆ ಮೀಸಲು. ಎರಡು, ಬೀಗ ಹಾಕದ, ನೀರು ಬರುವ ಒಂದು ಶೌಚಾಲಯ ಮತ್ತು ಉರಿಯುವ ಎರಡು ದೀಪ. ಮೂರು, ಸಂಬಳ ಕೊಟ್ಟು ಒಬ್ಬ ಹೆಣ್ಣು ಕೋಚ್. ಸೇವೆ, ಗೌರವಧನ ಅನ್ನೋ ಮಾತು ಬೇಡ, ಸಂಬಳ! ನಾಲ್ಕು, ದೂರು ಎಲ್ಲಿ ಕೊಡಬೇಕು ಅನ್ನೋ ಬೋರ್ಡು, ಕನ್ನಡ, ಉರ್ದು, ತಮಿಳು, ಇಂಗ್ಲಿಷಿನಲ್ಲಿ. ಹುಡುಗರಿಗೂ ಒಂದು ಮಾತು: ನಿಮ್ಮ ಆಟ ನಿಲ್ಲಿಸಿ ಅಂತ ಯಾರೂ ಹೇಳ್ತಿಲ್ಲ ತಮ್ಮಂದಿರಾ, ಸ್ವಲ್ಪ ಸರಿದು ಕೂತ್ಕೊಳ್ಳಿ ಅಂತ ಮಾತ್ರ.

‘ಸಂಬಂಧಪಟ್ಟವರು ಗಮನ ಹರಿಸುವರೇ?’ ಅಂತ ಬರೆದು ಮುಗಿಸೋದು ನಮ್ಮ ಪತ್ರಿಕೆಯವರ ಹಳೇ ಅಭ್ಯಾಸ. ಈ ಸಲ ಅದರ ಜೊತೆಗೆ ಓದುಗರಲ್ಲೂ ಒಂದು ಬಿನ್ನಹ. ನಿಮ್ಮ ಬೀದಿಯಲ್ಲಿ, ನಿಮ್ಮ ಮನೆಯಲ್ಲೇ, ಹಿಂದೆ ಆಡಿ ಬಿಟ್ಟ ಹೆಣ್ಣುಮಗಳು ಇರಬಹುದು. ನಿಮ್ಮ ಅತ್ತಿಗೆ, ನಿಮ್ಮ ಚಿಕ್ಕಮ್ಮ, ಪಕ್ಕದ ಮನೆ ಟೀಚರು. ‘ವಾರಕ್ಕೆ ಎರಡು ದಿನ ಬಂದು ಹೇಳಿಕೊಡ್ತೀರಾ?’ ಅಂತ ಅವರನ್ನ ಒಂದು ಮಾತು ಕೇಳಿ. ಹೂಂ ಅಂದರೆ ನಮ್ಮ ಕಚೇರಿಗೆ ತಿಳಿಸಿ. ಸಂಬಳಕ್ಕಾಗಿ ಪಾಲಿಕೆಯ ಬಾಗಿಲು ತಟ್ಟೋ ಕೆಲಸ ನಮ್ಮದು.

ನಾನು ನನ್ನ ಅಕ್ಕನನ್ನ ಕೇಳಿಯಾಗಿದೆ. ‘ನನಗೀಗ ಮಂಡಿನೋವು ಕಣೋ’ ಅಂತ ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಎಷ್ಟು ಗಂಟೆಗೆ?’ ಅಂತ ಕೇಳಿದಳು.