ನಕ್ಷೆಯ ದಾರಿಯೂ ನೆಲದ ದಾರಿಯೂ

2024ರ ಮೇ ತಿಂಗಳ ಕೊನೆಯಲ್ಲಿ, ನಮ್ಮ ಹೈದರಾಬಾದಿನ ನಾಲ್ವರು ಪ್ರವಾಸಿಗರಿದ್ದ ಕಾರೊಂದು ಕೇರಳದ ಕೊಟ್ಟಾಯಂ ಜಿಲ್ಲೆಯ ಕುರುಪ್ಪಂತರದ ಬಳಿ ರಾತ್ರಿಯ ವೇಳೆಯಲ್ಲಿ ತುಂಬಿ ಹರಿಯುತ್ತಿದ್ದ ತೊರೆಗೆ ಇಳಿಯಿತು. ಅವರು ಆಲಪ್ಪುಳದ ಕಡೆಗೆ ಹೊರಟಿದ್ದರು. ಮಳೆಯ ನೀರು ರಸ್ತೆಯನ್ನು ಮುಚ್ಚಿತ್ತು. ಪರಿಚಯವಿಲ್ಲದ ಊರಿನಲ್ಲಿ ಮೊಬೈಲಿನ ನಕ್ಷೆ ತೋರಿದಂತೆ ಅವರು ಮುಂದುವರಿದಿದ್ದರು. ಗಸ್ತಿನಲ್ಲಿದ್ದ ಪೊಲೀಸರೂ ಸ್ಥಳೀಯರೂ ಧಾವಿಸಿದ್ದರಿಂದ ನಾಲ್ವರೂ ಬದುಕುಳಿದರು, ಕಾರು ಮುಳುಗಿತು.

ಅದೇ ವರ್ಷದ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ ಇನ್ನೊಂದು ಕಾರಿನಲ್ಲಿದ್ದ ಮೂವರಿಗೆ ಈ ಅದೃಷ್ಟವಿರಲಿಲ್ಲ. ಪ್ರವಾಹದಲ್ಲಿ ಒಂದು ಭಾಗ ಕೊಚ್ಚಿಹೋಗಿದ್ದ ಸೇತುವೆಯನ್ನು ನಕ್ಷೆಯು ಇಡಿಯಾಗಿಯೇ ತೋರಿಸುತ್ತಿತ್ತೆಂದು ವರದಿಯಾಯಿತು. ಕಾರು ರಾಮಗಂಗಾ ನದಿಗೆ ಬಿದ್ದಿತು. ಡಿಸೆಂಬರಿನಲ್ಲಿ ಗೋವೆಗೆ ಹೊರಟಿದ್ದ ಉತ್ತರ ಭಾರತದ ಕುಟುಂಬವೊಂದು ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಿನಲ್ಲಿ ದಾರಿ ತಪ್ಪಿ ರಾತ್ರಿಯಿಡೀ ಕಳೆಯಿತು. ಅವರಲ್ಲೊಬ್ಬರು ಮೊಬೈಲ್ ಸಂಕೇತ ದೊರೆಯುವವರೆಗೆ ನಡೆದುಹೋಗಿ 112ಕ್ಕೆ ಕರೆ ಮಾಡಿದ ಮೇಲೆಯೇ ಪೊಲೀಸರ ನೆರವು ಬಂದಿತು.

ಹಬ್ಬಕ್ಕೆ, ಜಾತ್ರೆಗೆ, ಮದುವೆಗೆಂದು ಕಾರಿನಲ್ಲಿಯೇ ಊರಿಗೆ ಹೋಗಿಬರುವ ನಮ್ಮ ಬಳಗದ ಕುಟುಂಬಗಳು ಈ ಮೂರು ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಯಂತ್ರವನ್ನು ದೂಷಿಸಿ ಸುಮ್ಮನಾಗುವುದು ಸುಲಭ. ಯಂತ್ರಕ್ಕೆ ಏನು ತಿಳಿದಿದೆ, ಏನು ತಿಳಿದಿಲ್ಲ ಎಂಬುದನ್ನು ಅರಿಯುವುದು ಹೆಚ್ಚು ಉಪಯುಕ್ತ.

ಮೊದಲನೆಯದಾಗಿ, ಜಿಪಿಎಸ್ ದಾರಿಯನ್ನು ತೋರಿಸುವುದಿಲ್ಲ. ಅಮೆರಿಕದ ರಕ್ಷಣಾ ಇಲಾಖೆ ರೂಪಿಸಿದ ಈ ವ್ಯವಸ್ಥೆಯ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ದೊರೆತರೆ ನಾವಿರುವ ಸ್ಥಳ ಗೊತ್ತಾಗುತ್ತದೆ. ನಾಗರಿಕರಿಗೆ ದೊರೆಯುವ ಸಂಕೇತವನ್ನು ಬೇಕೆಂದೇ ಮಸುಕುಗೊಳಿಸುವ ಪದ್ಧತಿಯನ್ನು ಅಮೆರಿಕ 2000ದ ಮೇ ತಿಂಗಳಲ್ಲಿ ಕೈಬಿಟ್ಟ ಮೇಲೆ ಈ ಲೆಕ್ಕ ಬಹಳ ನಿಖರವಾಯಿತು. ‘ನೀವು ಇಲ್ಲಿದ್ದೀರಿ’ ಎಂಬ ಮಾತನ್ನು ಬಹುಮಟ್ಟಿಗೆ ನಂಬಬಹುದು. ‘ಹೀಗೆ ಹೋಗಿ’ ಎಂಬುದು ಬೇರೆಯೇ ಮಾತು. ಅದನ್ನು ಹೇಳುವುದು ನಕ್ಷೆಯನ್ನು ಆಧರಿಸಿದ ತಂತ್ರಾಂಶ.

ತಂತ್ರಾಂಶಕ್ಕೆ ರಸ್ತೆಗಳೆಂದರೆ ಗೆರೆಗಳು, ಕೂಡುರಸ್ತೆಗಳೆಂದರೆ ಬಿಂದುಗಳು. ಪ್ರತಿ ಗೆರೆಗೂ ಇಷ್ಟು ನಿಮಿಷ ಎಂದು ಬೆಲೆ ಕಟ್ಟಿ, ಒಟ್ಟು ಬೆಲೆ ಕಡಿಮೆಯಾಗುವ ದಾರಿಯನ್ನು ಅದು ಆರಿಸುತ್ತದೆ. ನೆದರ್ಲೆಂಡ್ಸಿನ ಗಣಕವಿಜ್ಞಾನಿ ಡೈಕ್‌ಸ್ಟ್ರ 1959ರಲ್ಲಿ ಪ್ರಕಟಿಸಿದ ವಿಧಾನ ಇಂತಹ ಲೆಕ್ಕಗಳಿಗೆ ತಳಹದಿ. ಇಂದು ಚಲಿಸುತ್ತಿರುವ ಸಾವಿರಾರು ಮೊಬೈಲುಗಳಿಂದ ವೇಗದ ಮಾಹಿತಿಯೂ ಸೇರುತ್ತದೆ. ಹೈಟೆಕ್ ಸಿಟಿಯ ಸಂಜೆಯ ದಟ್ಟಣೆಯನ್ನು ಅದು ಕರಾರುವಾಕ್ಕಾಗಿ ಹೇಳುವುದು ಇದರಿಂದಲೇ. ಆದರೆ ನಡುರಾತ್ರಿಯಲ್ಲಿ ಹಳ್ಳಿಯ ರಸ್ತೆಯ ಮೇಲೆ ಮೊಬೈಲುಗಳೇ ಇರುವುದಿಲ್ಲ. ಹಳ್ಳ ತುಂಬಿದ್ದರಿಂದ ವಾಹನ ನಿಂತ ರಸ್ತೆಯೂ ಅದರ ಕಣ್ಣಿಗೆ ಬಿಡುವಾದ ರಸ್ತೆಯಂತೆಯೇ ಕಾಣಬಹುದು.

ಬ್ಯಾಂಕಿನಲ್ಲಿ ಖಾತೆಯ ಶಿಲ್ಕು ಹೇಳುವಾಗ ಅದು ಯಾವ ದಿನಾಂಕದ ಶಿಲ್ಕು ಎಂಬುದನ್ನೂ ನಾವು ಹೇಳುತ್ತೇವೆ. ಸರ್ವೇ ಆಫ್ ಇಂಡಿಯಾದ ಹಳೆಯ ಹಾಳೆಗಳ ಅಂಚಿನಲ್ಲಿಯೂ ಸರ್ವೆ ನಡೆದ ವರ್ಷ ಮುದ್ರಿತವಾಗಿರುತ್ತಿತ್ತು. ಆ ಸಂಸ್ಥೆಯ ಚರಿತ್ರೆಯಲ್ಲಿ ನಮ್ಮ ನಗರಕ್ಕೂ ಪಾಲುಂಟು: 1818ರಲ್ಲಿ ಜಾರ್ಜ್ ಎವರೆಸ್ಟ್ ಅವರು ಲ್ಯಾಂಬ್ಟನ್ ಅವರ ಸಹಾಯಕರಾಗಿ ಬಂದು ಸೇರಿದ್ದು ಹೈದರಾಬಾದಿನಲ್ಲಿ. ಮೊಬೈಲಿನ ನಕ್ಷೆಯಲ್ಲಿ ಯಾವ ರಸ್ತೆಯನ್ನು ಎಂದು ಕೊನೆಯದಾಗಿ ಪರಿಶೀಲಿಸಲಾಯಿತೆಂಬುದು ನಮಗೆ ಕಾಣುವುದಿಲ್ಲ. ನಿನ್ನೆ ನೋಡಿದ ರಸ್ತೆಯೂ ಐದು ವರ್ಷಗಳ ಹಿಂದೆ ನೋಡಿದ ರಸ್ತೆಯೂ ಅಲ್ಲಿ ಒಂದೇ ಬಣ್ಣದಲ್ಲಿರುತ್ತವೆ.

ನಮಗೆಲ್ಲ ಪರಿಚಿತವಾದ ಕಲಬುರಗಿಯ ಪ್ರಯಾಣವನ್ನೇ ತೆಗೆದುಕೊಳ್ಳೋಣ. ಪಟಾನ್‌ಚೆರು, ಜಹೀರಾಬಾದ್, ಹುಮನಾಬಾದ್ ಮೂಲಕ ಹೋಗುವುದು ಒಂದು ದಾರಿ. ಚೇವೆಳ್ಳ, ಪರಿಗಿ, ಕೊಡಂಗಲ್ ದಾಟಿ ಸೇಡಂ, ಮಳಖೇಡದ ಮೂಲಕ ಹೋಗುವುದು ಇನ್ನೊಂದು. ದೂರದಲ್ಲಿ ಹೆಚ್ಚಿನ ಅಂತರವಿಲ್ಲದ್ದರಿಂದ ತಂತ್ರಾಂಶ ಒಮ್ಮೆ ಇದನ್ನು, ಒಮ್ಮೆ ಅದನ್ನು ಸೂಚಿಸುತ್ತದೆ. ಆದರೆ ಮೊದಲ ದಾರಿಯ ಬಹುಭಾಗ ಚತುಷ್ಪಥ ಹೆದ್ದಾರಿ. ಎರಡನೆಯ ದಾರಿಯಲ್ಲಿ, ಚೇವೆಳ್ಳದ ಬಳಿಯ ಮಿರ್ಜಾಗುಡದಲ್ಲಿ, 2025ರ ನವೆಂಬರ್ 3ರಂದು ಜಲ್ಲಿ ತುಂಬಿದ ಟಿಪ್ಪರ್ ಬಸ್ಸಿಗೆ ಅಪ್ಪಳಿಸಿ ಇಪ್ಪತ್ತರಷ್ಟು ಮಂದಿ ಮೃತಪಟ್ಟದ್ದನ್ನು ನಾವು ಮರೆತಿಲ್ಲ. ಮುಂದೆ ಮಳಖೇಡದಲ್ಲಿ ಕಾಗಿಣಾ ನದಿ ಉಕ್ಕಿದರೆ ಸೇತುವೆ ಮುಳುಗಿ ಸಂಚಾರ ನಿಲ್ಲುವುದು ಆ ಭಾಗದವರಿಗೆ ಹೊಸದಲ್ಲ. ಇಂತಹ ಸಂಗತಿಗಳನ್ನು ಹತ್ತು ನಿಮಿಷಗಳ ಉಳಿತಾಯ ತೂಗಲಾರದು.

ಎರಡು ವರ್ಷಗಳ ಹಿಂದೆ ಶ್ರಾವಣದಲ್ಲಿ ವೃದ್ಧ ತಾಯಿಯವರನ್ನು ಕರೆದುಕೊಂಡು ಗಾಣಗಾಪುರಕ್ಕೆ ಹೊರಟಿದ್ದೆವು. ಕಲಬುರಗಿ ದಾಟಿದ ಮೇಲೆ ತಂತ್ರಾಂಶವು ಹನ್ನೆರಡು ನಿಮಿಷ ಉಳಿಯುವುದೆಂದು ಒಳರಸ್ತೆಯೊಂದನ್ನು ತೋರಿಸಿತು. ಮಗ ತಿರುಗಿಸಿದ, ನಾನೂ ತಡೆಯಲಿಲ್ಲ. ಮೂರು ಕಿ.ಮೀ. ಹೋಗುವಷ್ಟರಲ್ಲಿ ಹೊಲದಿಂದ ಬರುತ್ತಿದ್ದ ಹಿರಿಯರೊಬ್ಬರು ಕೈ ಅಡ್ಡಹಿಡಿದು, “ಮುಂದ ಹೋಗಬ್ಯಾಡ್ರಿ ಸಾಹೇಬ್ರ, ಹಳ್ಳ ಬಂದದ. ಹಿಂದಕ್ಕ ಹೋಗಿ ದೊಡ್ಡ ರೋಡ ಹಿಡೀರಿ” ಎಂದರು. ಹಿಂದಿರುಗಿ ಬರಲು ಅರ್ಧ ಗಂಟೆ ಹಿಡಿಯಿತು. ಅವರು ಆ ಹೊತ್ತಿಗೆ ಅಲ್ಲಿ ಇರದಿದ್ದರೆ, ಅಥವಾ ಅದು ರಾತ್ರಿಯಾಗಿದ್ದರೆ, ಏನಾಗುತ್ತಿತ್ತೆಂದು ನಾನು ಈಗಲೂ ಯೋಚಿಸುವುದುಂಟು. ಕುರುಪ್ಪಂತರದ ಸುದ್ದಿಯನ್ನು ನೆನೆದಾಗಲೆಲ್ಲ ಕಣ್ಮುಂದೆ ಬರುವುದು ಅದೇ ಹೊಲದ ದಾರಿ.

ಹೆಸರುಗಳ ತೊಡಕೂ ಸಣ್ಣದಲ್ಲ. 2014ರ ನವೆಂಬರ್ 1ರಿಂದ ಬಿಜಾಪುರ ವಿಜಯಪುರವಾಯಿತು. ‘ವಿಜಯಪುರ’ ಎಂದು ಹುಡುಕಿದರೆ ದೇವನಹಳ್ಳಿ ತಾಲ್ಲೂಕಿನ ವಿಜಯಪುರವೂ ಇದೆ. ‘ಬಿಜಾಪುರ’ ಎಂದು ಹುಡುಕಿದರೆ ಛತ್ತೀಸಗಡದ ಬಿಜಾಪುರವಿದೆ. ಹೈದರಾಬಾದಿನಿಂದ ಒಂದು ದಕ್ಷಿಣಕ್ಕೆ, ಇನ್ನೊಂದು ಈಶಾನ್ಯಕ್ಕೆ, ನಮಗೆ ಬೇಕಾದದ್ದು ಪಶ್ಚಿಮಕ್ಕೆ. ‘ಗಾಣಗಾಪುರ ರೋಡ್’ ರೈಲು ನಿಲ್ದಾಣದಿಂದ ದತ್ತ ಕ್ಷೇತ್ರಕ್ಕೆ ಇಪ್ಪತ್ತು ಕಿ.ಮೀ.ಗೂ ಹೆಚ್ಚು ದೂರವಿದೆ. ಊರಿನ ಹೆಸರಿನೊಂದಿಗೆ ಜಿಲ್ಲೆಯ ಹೆಸರನ್ನೂ ನೋಡಿಕೊಳ್ಳುವುದು ಕ್ಷೇಮ.

ಹಾಗಾದರೆ ಮಾಡಬೇಕಾದದ್ದೇನು? ದಾರಿಯ ನಿರ್ಣಯ ಹೊರಡುವ ಹಿಂದಿನ ದಿನ ಮನೆಯಲ್ಲಿಯೇ ಆಗಲಿ. ಇಡೀ ಮಾರ್ಗವನ್ನು ದೊಡ್ಡದಾಗಿಸಿ ನೋಡಿ, ನಡುವಿನ ಎರಡು ಮೂರು ಪಟ್ಟಣಗಳನ್ನು ನಿಲುಗಡೆಗಳಾಗಿ ಸೇರಿಸಿದರೆ ತಂತ್ರಾಂಶ ಒಳದಾರಿ ಹಿಡಿಯುವ ಸಂಭವ ಕಡಿಮೆ. ಆಯ್ಕೆಯಲ್ಲಿ ಕಾರು ಇದೆಯೋ ದ್ವಿಚಕ್ರ ವಾಹನವಿದೆಯೋ ಗಮನಿಸಿ. ಸಂಕೇತ ಸಿಗದ ಕಡೆಗಾಗಿ ಆ ಪ್ರದೇಶದ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಮಳೆಗಾಲದಲ್ಲಿ ಊರಿನ ಬಂಧುಗಳಿಗೆ ಒಂದು ಕರೆ ಮಾಡಿ ನದಿಯ ಸ್ಥಿತಿ ಕೇಳಿ. ಕತ್ತಲಾದ ಮೇಲೆ, ಎಷ್ಟೇ ನಿಮಿಷ ಉಳಿಯುವುದೆಂದು ತೋರಿಸಿದರೂ, ಹೆದ್ದಾರಿಯನ್ನು ಬಿಡಬೇಡಿ. ರಸ್ತೆಯ ಮೇಲೆ ನೀರು ಕಂಡರೆ ಆಳ ಅಳೆಯಲು ಹೋಗದೆ ಹಿಂದಿರುಗಿ. ರಾಷ್ಟ್ರೀಯ ಹೆದ್ದಾರಿಗಳ ನೆರವಿನ ಸಂಖ್ಯೆ 1033, ತುರ್ತು ಕರೆಗೆ 112. ಇವೆರಡೂ ಮನೆಮಂದಿಗೆಲ್ಲ ಬಾಯಿಪಾಠವಾಗಿರಲಿ.

ಇದರೊಂದಿಗೆ ಇನ್ನೊಂದು ಮಾತು. ಈ ನಕ್ಷೆಗಳಲ್ಲಿ ತಪ್ಪನ್ನು ವರದಿ ಮಾಡುವ ಅವಕಾಶವಿದೆ. ಮುಚ್ಚಿದ ಸೇತುವೆಯನ್ನೋ ತಪ್ಪಾಗಿ ಗುರುತಿಸಿದ ಊರನ್ನೋ ಕಂಡಾಗ ಎರಡು ನಿಮಿಷ ವ್ಯಯಿಸಿ ತಿಳಿಸಿದರೆ, ನಮ್ಮ ಹಿಂದೆ ಬರುವ ಕುಟುಂಬಕ್ಕೆ ಉಪಕಾರವಾದೀತು. ನಮ್ಮನ್ನು ತಡೆದು ನಿಲ್ಲಿಸಿದ ಆ ಹಿರಿಯರ ಹೆಸರನ್ನು ಅಂದು ಕೇಳಲಿಲ್ಲ. ಆದರೆ ಸಂಗಮದಲ್ಲಿ ಸ್ನಾನ ಮುಗಿಸಿದ ಬಳಿಕ ಮಗ ಮಾಡಿದ ಮೊದಲ ಕೆಲಸ, ಆ ಹಳ್ಳದ ವಿಷಯವನ್ನು ನಕ್ಷೆಗೆ ವರದಿ ಮಾಡಿದ್ದು.