ರಾಯಚೂರಿನ ಬಿಸಿಲಿಗೆ ಸೋತ ರ‍್ಯಾಮ್

ಹೋದ ವಾರ ಓದುಗರೊಬ್ಬರು ಮೆಸೇಜ್ ಹಾಕಿದ್ರು. ಮನೆಯಲ್ಲೇ ಡೆಸ್ಕ್‌ಟಾಪ್ ಜೋಡಿಸ್ತಿದ್ದಾರಂತೆ, ಪ್ರೊಸೆಸರ್, ಮದರ್‌ಬೋರ್ಡ್ ಎಲ್ಲ ತಂದಾಯ್ತಂತೆ. 'ರ‍್ಯಾಮ್ 6000 ತಗೊಳ್ಲಾ, 7200 ತಗೊಳ್ಲಾ? ಆಮೇಲೆ ಓವರ್‌ಕ್ಲಾಕ್ ಮಾಡಿದ್ರೆ ಏನಾದ್ರೂ ಆಗುತ್ತಾ?'

ಎರಡನೇ ಪ್ರಶ್ನೆಗೆ ಉತ್ತರ ಹೇಳೋ ಅರ್ಹತೆ ನನಗೆ ಈ ಬೇಸಿಗೆಯಲ್ಲೇ ಬಂತು. ಅದೂ ಅಕ್ಕನ ಖರ್ಚಿನಲ್ಲಿ.

ಅಕ್ಕ ರಾಯಚೂರಲ್ಲಿ ಮದುವೆ ಆಲ್ಬಮ್ ಮಾಡ್ತಾಳೆ. ಫೋಟೊಗ್ರಾಫರ್‌ಗಳು ಮೆಮೊರಿ ಕಾರ್ಡ್ ತಂದುಕೊಡ್ತಾರೆ, ಇವಳು ಕಾಪಿ ಮಾಡ್ಕೊಂಡು, ಆರಿಸಿ, ಬಣ್ಣ ತಿದ್ದಿ, ಪುಟ ಜೋಡಿಸಿ ಕೊಡ್ತಾಳೆ. ಹಳೇ ಕಂಪ್ಯೂಟರ್ ತೆವಳ್ತಿತ್ತು. ಜನವರಿಯಲ್ಲಿ ಎಸ್‌.ಪಿ. ರೋಡ್‌ನಲ್ಲಿ ಅರ್ಧ ದಿನ ಸುತ್ತಿ ಸಾಮಾನು ಹೊಂದಿಸಿ, ಬೆಂಗಳೂರಿನ ನನ್ನ ರೂಮಲ್ಲೇ ಜೋಡಿಸಿ, ಸಂಕ್ರಾಂತಿಗೆ ಊರಿಗೆ ಹೋಗುವಾಗ ಒಯ್ದೆ. ರೈಜನ್ 7000 ಸರಣಿಯ ಪ್ರೊಸೆಸರ್, 16 ಜಿಬಿಯ ಎರಡು ಡಿಡಿಆರ್5 ಸ್ಟಿಕ್.

ಎರಡೇ ಯಾಕೆ ಅಂದ್ರೆ, ನಾಲ್ಕು ಹಾಕಿದ್ರೆ ಮೆಮೊರಿ ಕಂಟ್ರೋಲರ್ ಮೇಲೆ ಹೊರೆ ಜಾಸ್ತಿ. ಈ ಪ್ರೊಸೆಸರ್‌ಗಳಿಗೆ ಎಎಂಡಿ ಅಧಿಕೃತವಾಗಿ ಹೇಳಿರೋ ವೇಗ ಎರಡು ಸ್ಟಿಕ್ ಇದ್ರೆ 5200, ನಾಲ್ಕಿದ್ರೆ ಬರೀ 3600. 'ಈಗ ಎರಡು ಹಾಕೋಣ, ಬೋನಸ್ ಬಂದಾಗ ಇನ್ನೆರಡು' ಅನ್ನೋ ಲೆಕ್ಕ ಡಿಡಿಆರ್5ರಲ್ಲಿ ಸರಿಹೋಗಲ್ಲ. ಎಷ್ಟು ಬೇಕೋ ಅಷ್ಟನ್ನ ಒಂದೇ ಪ್ಯಾಕೆಟ್‌ನಲ್ಲಿರೋ ಜೋಡಿಯಾಗಿ ತಗೊಂಡುಬಿಡಿ. ಹಾಕುವಾಗ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟ್. ಬಹುತೇಕ ಬೋರ್ಡ್‌ಗಳಲ್ಲಿ ಹೀಗೇ, ಆದ್ರೂ ಪುಸ್ತಕ ಒಂದ್ಸಲ ನೋಡಿ.

ಇನ್ನು ಡಬ್ಬಿ ಮೇಲಿನ ನಂಬರ್. ದೊಡ್ಡಕ್ಷರದಲ್ಲಿ 6000 ಅಂತ ಇರುತ್ತೆ, ಪಕ್ಕದಲ್ಲಿ ಸಣ್ಣದಾಗಿ ಸಿಎಲ್30, ಸಿಎಲ್36 ಅಂತ. ಅಂಗಡಿಯವರು ಮೊದಲನೆಯದನ್ನಷ್ಟೇ ಹೇಳ್ತಾರೆ. ಎರಡನೆಯದು ಕೇಳಿದ ಡೇಟಾ ಕೊಡೋಕೆ ಮೆಮೊರಿ ಎಷ್ಟು ಸುತ್ತು ತಗೊಳ್ಳುತ್ತೆ ಅನ್ನೋದು. ಸಿಎಲ್ ಸಂಖ್ಯೆಯನ್ನ 2000ದಿಂದ ಗುಣಿಸಿ ವೇಗದಿಂದ ಭಾಗಿಸಿ, ನ್ಯಾನೊಸೆಕೆಂಡ್ ಸಿಗುತ್ತೆ. 6000 ಸಿಎಲ್30 ಅಂದ್ರೆ 10, ಸಿಎಲ್36 ಅಂದ್ರೆ 12. ಹಳೇ ಡಿಡಿಆರ್4 3200 ಸಿಎಲ್16 ಕೂಡ ಅದೇ 10! ಡಿಡಿಆರ್5 ಒಂದೇ ಸಲಕ್ಕೆ ಜಾಸ್ತಿ ಡೇಟಾ ಹೊರುತ್ತೆ ನಿಜ, ಆದ್ರೆ ಕರೆದಾಗ ಓಗೊಡೋದರಲ್ಲಿ ಅಂಥಾ ಚುರುಕೇನಿಲ್ಲ.

ತಂದು ಹಾಕಿದ ಮಾತ್ರಕ್ಕೆ 6000 ಬರೋದೂ ಇಲ್ಲ. ಸುಮ್ಮನೆ ಹಾಕಿದ್ರೆ ಸಾಮಾನ್ಯವಾಗಿ 4800ರಲ್ಲೇ ಓಡುತ್ತೆ. ಬಯೋಸ್‌ಗೆ ಹೋಗಿ ಎಕ್ಸ್‌ಪೊ ಆನ್ ಮಾಡ್ಬೇಕು, ಇಂಟೆಲ್ ಆದ್ರೆ ಎಕ್ಸ್‌ಎಂಪಿ. ನನ್ನ ಸಹೋದ್ಯೋಗಿಯೊಬ್ಬ ಒಂದು ವರ್ಷ ಗೊತ್ತಿಲ್ಲದೆ 4800ರಲ್ಲೇ ಓಡಿಸಿದ್ದ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಆಮೇಲೆ ಮೆಮೊರಿ ಒತ್ತಿದ್ರೆ ನಿಮ್ಮದೂ ಕಾಣುತ್ತೆ. ಒಂದೇ ಬಟನ್ ಅಂತ ಅದನ್ನ ಯಾರೂ ಓವರ್‌ಕ್ಲಾಕಿಂಗ್ ಅನ್ನಲ್ಲ. ಆದ್ರೆ ಅಧಿಕೃತ ಮಿತಿ 5200 ಇರುವಾಗ 6000 ಓಡಿಸೋದು ಓವರ್‌ಕ್ಲಾಕಿಂಗೇ. ಮೆಮೊರಿಯ ವೋಲ್ಟೇಜ್ ಕೂಡ 1.1ರಿಂದ 1.35ರ ಆಸುಪಾಸಿಗೆ ಏರುತ್ತೆ.

(ಇದಾದ ಮೇಲೆ ಮೊದಲ ಸಲ ಆನ್ ಮಾಡಿದಾಗ ಸ್ಕ್ರೀನ್ ಕಪ್ಪಾಗಿ ಕೆಲವು ನಿಮಿಷ ಹಾಗೇ ಇರಬಹುದು. ಬೋರ್ಡು ಮೆಮೊರಿಯನ್ನ ಪಳಗಿಸ್ತಾ ಇರುತ್ತೆ. ನಾನು ಸುಟ್ಟೇಹೋಯ್ತು ಅಂತ ಮೂರು ಸಲ ಪವರ್ ಆಫ್ ಮಾಡಿದ್ದೆ. ನೀವು ಕಾಫಿ ಕುಡಿದು ಬನ್ನಿ.)

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ರಾತ್ರಿ ಹನ್ನೊಂದು ಗಂಟೆ, ಎದುರಿಗೆ ಬಯೋಸ್ ತೆರೆದಿದೆ, ಫೋನಲ್ಲಿ ಯಾರದೋ ವಿಡಿಯೊ. ಟಿಆರ್‌ಇಎಫ್‌ಐ ಅನ್ನೋ ಸೆಟ್ಟಿಂಗ್ ಜಾಸ್ತಿ ಮಾಡಿದ್ರೆ ಪುಕ್ಕಟೆ ವೇಗ ಅಂತ ಅದರಲ್ಲಿತ್ತು. ಸುಮಾರು 11,700 ಇದ್ದದ್ದನ್ನ 65,535 ಮಾಡಿದೆ.

ಅದೇನು ಅಂತ ಆಗ ಸರಿಯಾಗಿ ತಿಳ್ಕೊಂಡಿರಲಿಲ್ಲ. ರ‍್ಯಾಮ್‌ನಲ್ಲಿ ಒಂದೊಂದು ಬಿಟ್ಟೂ ತೂತು ಬಿದ್ದ ಕೊಡದಲ್ಲಿರೋ ನೀರಿದ್ದ ಹಾಗೆ. ಚಾರ್ಜ್ ಸೋರ್ತಾನೇ ಇರುತ್ತೆ. ಅದಕ್ಕೇ ಡಿಡಿಆರ್5 ಪ್ರತಿ 32 ಮಿಲಿಸೆಕೆಂಡಿಗೊಮ್ಮೆ ಎಲ್ಲ ಕೊಡಗಳನ್ನೂ ಮತ್ತೆ ತುಂಬುತ್ತೆ. ತುಂಬುವ ಹೊತ್ತಿನಲ್ಲಿ ಬೇರೆ ಕೆಲಸ ಆಗಲ್ಲ, ಹಾಗಾಗಿ ಅಪರೂಪಕ್ಕೊಮ್ಮೆ ತುಂಬಿದ್ರೆ ವೇಗ ಸ್ವಲ್ಪ ಸಿಗುತ್ತೆ. ನಾನು ಅದನ್ನ ಸುಮಾರು 180 ಮಿಲಿಸೆಕೆಂಡಿಗೊಮ್ಮೆ ಮಾಡಿದ್ದೆ. ಬಿಸಿ ಏರಿದಷ್ಟೂ ತೂತು ದೊಡ್ಡದಾಗುತ್ತೆ ಅನ್ನೋದು ಜನವರಿಯ ಬೆಂಗಳೂರಿನ ರಾತ್ರಿಯಲ್ಲಿ ಯಾರ ತಲೆಗೆ ಹೊಳೆಯುತ್ತೆ? ಮೆಮ್‌ಟೆಸ್ಟ್86+ ಒಂದು ಸುತ್ತು ಹಾಕಿದೆ, ಪಾಸ್ ಆಯ್ತು, ಮಲಗಿದೆ.

ಮೇ ತಿಂಗಳು. ಮದುವೆ ಸೀಸನ್, ರಾಯಚೂರಿನ ಬಿಸಿಲು. ಅಕ್ಕ ಫೋನ್ ಮಾಡಿದ್ಲು.

'ತಮ್ಮಾ, ನಿನ್ನ ಕಂಪ್ಯೂಟರ್‌ಗೆ ಏನೋ ಆಗ್ಯದ ನೋಡು. ಮದುಮಗಳ ಮಾರಿ ಅರ್ಧ ಬೂದಿ ಬಣ್ಣ ಆಗ್ಯದ.'

'ಕಾರ್ಡ್ ಹಾಳಾಗಿರ್ಬೇಕು ಅಕ್ಕ.'

'ಕ್ಯಾಮೆರಾದಾಗ ಚೆಂದ ಕಂಡಿದ್ವು ಅಂತ ಫೋಟೊಗ್ರಾಫರ್ ಹೇಳ್ಲಿಕತ್ತಾನ.'

ಕಾರ್ಡು ಅಷ್ಟೊತ್ತಿಗೆ ಫಾರ್ಮ್ಯಾಟ್ ಆಗಿ ಇನ್ನೊಂದು ಮದುವೆಗೆ ಹೋಗಿತ್ತು. ಕಾರ್ಡ್ ರೀಡರ್ ಬದಲಾಯಿಸು ಅಂದೆ. ಎಸ್‌ಎಸ್‌ಡಿ ಮೇಲೆ ಅನುಮಾನ ಪಟ್ಟೆ. ಒಂದೇ ಫೋಲ್ಡರನ್ನ ಎರಡು ಸಲ ಕಾಪಿ ಮಾಡಿಸಿದೆ. ಮೊದಲ ಸಲ ಕೆಟ್ಟ ಫೋಟೊ ಒಂದು, ಎರಡನೇ ಸಲ ಕೆಟ್ಟದ್ದು ಬೇರೊಂದು. ಅಲ್ಲಿಗೆ ನನ್ನ ಹೊಟ್ಟೆಯಲ್ಲಿ ಕಲ್ಲು ಬಿದ್ದಂಗಾಯ್ತು. ಫೈಲ್ ಏನೇ ಕಾಪಿ ಆದ್ರೂ ರ‍್ಯಾಮ್ ದಾಟಿಯೇ ಹೋಗ್ಬೇಕು.

ರಾತ್ರಿ ಬಸ್ಸು ಹತ್ತಿದೆ. ಮಾರನೇ ದಿನ ಮಧ್ಯಾಹ್ನ, ಫ್ಯಾನು ಬಿಸಿಗಾಳಿ ಬೀಸ್ತಿದ್ದ ಅದೇ ಕೋಣೆಯಲ್ಲಿ ಮೆಮ್‌ಟೆಸ್ಟ್ ಹಚ್ಚಿದ್ವಿ. ಎರಡನೇ ಸುತ್ತಿನಲ್ಲಿ ಕೆಂಪು ಸಾಲುಗಳು ಶುರುವಾದ್ವು. ಕಂಪ್ಯೂಟರ್ ಒಂದು ದಿನವೂ ಹ್ಯಾಂಗ್ ಆಗಿರಲಿಲ್ಲ, ನೀಲಿ ಸ್ಕ್ರೀನ್ ಬಂದಿರಲಿಲ್ಲ. ಸುಮ್ಮನೆ ಅಲ್ಲೊಂದು ಇಲ್ಲೊಂದು ಬಿಟ್ ತಪ್ಪಾಗಿ ಬರೀತಿತ್ತು, ಅಷ್ಟೆ. ಜೆಪೆಗ್ ಫೈಲ್‌ನಲ್ಲಿ ಒಂದು ಬಿಟ್ ತಪ್ಪಿದ್ರೂ ಅಲ್ಲಿಂದ ಕೆಳಗಿನ ಚಿತ್ರವೆಲ್ಲ ಕೆಡಬಹುದು.

ಡಿಡಿಆರ್5ರಲ್ಲಿ ತಪ್ಪು ತಿದ್ದೋ ವ್ಯವಸ್ಥೆ ಚಿಪ್ ಒಳಗೇ ಇದೆಯಲ್ಲ ಅಂತ ತಿಳಿದವರು ಕೇಳ್ತಾರೆ. ಇದೆ. ಚಿಪ್ಪಿನೊಳಗೆ ಒಂಟಿ ಬಿಟ್ ತಪ್ಪಿದ್ರೆ ತಿದ್ದುತ್ತೆ. ಒಟ್ಟಿಗೆ ಹೆಚ್ಚು ಬಿಟ್ ಕೆಟ್ಟರೆ, ಅಥವಾ ಚಿಪ್ಪಿಂದ ಪ್ರೊಸೆಸರಿಗೆ ಬರೋ ದಾರೀಲಿ ತಪ್ಪಿದ್ರೆ ಅದರ ಕೈಲಾಗಲ್ಲ. ಸರ್ವರ್‌ಗಳಲ್ಲಿರೋ ಇಸಿಸಿ ಬೇರೆ.

ಆ ಮದುವೆಯ 41 ಫೋಟೊ ಕೆಟ್ಟಿದ್ವು. ಎರಡನೇ ಕ್ಯಾಮೆರಾದವನ ಕಾರ್ಡಿನಿಂದ 35ಕ್ಕೆ ಬದಲಿ ಸಿಕ್ಕವು. ಆರು ಹೋದವು ಹೋದವೇ. ಅಕ್ಕಿಕಾಳು ಬಿದ್ದ ಮೇಲೆ ಅಜ್ಜ ಮದುಮಗಳ ತಲೆ ಮೇಲೆ ಕೈ ಇಟ್ಟಿದ್ದ ಫೋಟೊ ಅದರಲ್ಲಿ ಒಂದು. ಅಕ್ಕ ತಾನೇ ಅವರ ಮನೆಗೆ ಹೋಗಿ ಹೇಳಿ, ಆಲ್ಬಮ್ಮಿನ ದುಡ್ಡು ಬೇಡ ಅಂದು ಬಂದಳು. ತಮ್ಮ ಮಾಡಿದ್ದು ಅಂತ ಅಲ್ಲಿ ಹೇಳಲಿಲ್ಲವಂತೆ.

ಇಷ್ಟಕ್ಕೆ ನಾನು ಗಳಿಸಿದ್ದೇನು ಅಂತ ಆಮೇಲೆ ಗಡಿಯಾರ ಇಟ್ಟು ನೋಡಿದೆ. ಹದಿನಾಲ್ಕು ನಿಮಿಷದ ಆಲ್ಬಮ್ ಎಕ್ಸ್‌ಪೋರ್ಟ್ ಹದಿಮೂರೂವರೆಗೆ ಇಳಿದಿತ್ತು.

ಈಗ ಮೊದಲ ಪ್ರಶ್ನೆ. ನಿಮ್ಮದು ನಮ್ಮಂಥದೇ ಎಎಂಡಿ ಆದ್ರೆ 6000, ಸಿಎಲ್30 ಕೈಗೆಟುಕಿದ್ರೆ ಅದೇ. 7200 ಹಾಕಿದ್ರೆ ಕಂಟ್ರೋಲರ್ ಸಾಮಾನ್ಯವಾಗಿ ಅರ್ಧ ವೇಗಕ್ಕೆ ಇಳಿಯುತ್ತೆ, ದುಡ್ಡು ಕೊಟ್ಟು ನಿಧಾನ ಕೊಂಡಂಗೆ. ಇಂಟೆಲ್ ಆದ್ರೆ 7200 ಓಡಬಹುದು, ಬೋರ್ಡ್ ತಯಾರಕರು ಪರೀಕ್ಷಿಸಿದ ರ‍್ಯಾಮ್‌ಗಳ ಪಟ್ಟಿಯಲ್ಲಿ ನಿಮ್ಮ ಮಾಡೆಲ್ ನಂಬರ್ ಇದ್ಯಾ ನೋಡಿ. ರ‍್ಯಾಮ್ ಬೆಲೆ 2025ರ ಕೊನೆಯಿಂದ ಏರಿರೋ ರೀತಿಗೆ, ಮೊದಲು ಜಿಬಿಗೆ ದುಡ್ಡು ಹಾಕಿ, ವೇಗಕ್ಕೆ ಆಮೇಲೆ.

ಎಕ್ಸ್‌ಪೊ ಆನ್ ಮಾಡಿ, ಹೆದರಬೇಡಿ. ಬೂಟ್ ಆಗದಿದ್ರೆ ಮ್ಯಾನುಯಲ್ ನೋಡಿ ಸಿಮೊಸ್ ಕ್ಲಿಯರ್ ಮಾಡಿದ್ರೆ ಮೊದಲಿನಂತಾಗುತ್ತೆ. ಆಮೇಲೆ ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿ, ನಾಲ್ಕು ಸುತ್ತಾದ್ರೂ ಆಗ್ಲಿ. ಒಂದೇ ಒಂದು ಎರರ್ ಬಂದ್ರೂ ಫೇಲ್ ಅಂತಲೇ ಲೆಕ್ಕ, ವೇಗ ಒಂದು ಮೆಟ್ಟಿಲು ಇಳಿಸಿ. ಚಳಿಗಾಲದಲ್ಲಿ ಜೋಡಿಸಿದ್ರೆ ಏಪ್ರಿಲ್‌ನಲ್ಲಿ ಇನ್ನೊಮ್ಮೆ, ಮಧ್ಯಾಹ್ನದ ಹೊತ್ತು, ಓಡಿಸಿ.

ಅಕ್ಕನ ಕಂಪ್ಯೂಟರ್ ಈಗ ಬರೀ ಎಕ್ಸ್‌ಪೊದಲ್ಲಿ ಓಡ್ತಿದೆ, ಮೇ ಪೂರ್ತಿ ಮತ್ತೆ ತಪ್ಪಲಿಲ್ಲ. ಮೆಮ್‌ಟೆಸ್ಟ್ ಇರೋ ಪೆನ್‌ಡ್ರೈವ್ ಅಲ್ಲೇ ಬಿಟ್ಟು ಬಂದಿದ್ದೆ. ಹೋದ ಸಲ ನೋಡಿದ್ರೆ ಅದಕ್ಕೊಂದು ಚೀಟಿ ಅಂಟಿಸಿದ್ದಾಳೆ: 'ತಮ್ಮ ಬಂದು ಹೋದ ಮ್ಯಾಲ ಹಚ್ಚೋದು.'