ಬೇಟೆಗೆ ಹೊರಟ ಟ್ರಕ್ಕಿಗೆ ಬ್ಯಾಟರಿ ಸಾಕೇ?

ಅಮೆರಿಕದ ಫೋರ್ಡ್ ಕಂಪನಿ 2025ರ ಡಿಸೆಂಬರ್‌ನಲ್ಲಿ ತನ್ನ ಪೂರ್ಣ ಎಲೆಕ್ಟ್ರಿಕ್ ಪಿಕಪ್ ಟ್ರಕ್ 'ಎಫ್–150 ಲೈಟ್ನಿಂಗ್' ತಯಾರಿಕೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಎಲೆಕ್ಟ್ರಿಕ್ ಯೋಜನೆಗಳನ್ನು ಬದಲಿಸಿಕೊಂಡದ್ದಕ್ಕಾಗಿ ಸುಮಾರು 1,950 ಕೋಟಿ ಡಾಲರ್ ಹೊರೆಯನ್ನು ಲೆಕ್ಕಪತ್ರದಲ್ಲಿ ತೋರಿಸುವುದಾಗಿಯೂ ಹೇಳಿತು. ಮುಂದೆ ಬರಲಿರುವ ಲೈಟ್ನಿಂಗ್‌ನಲ್ಲಿ ಬ್ಯಾಟರಿಯ ಜೊತೆಗೆ ಅದನ್ನು ಚಾರ್ಜ್ ಮಾಡುವ ಒಂದು ಎಂಜಿನ್ ಕೂಡ ಇರುತ್ತದೆ. ಅದಕ್ಕೆ ಮೂರು ತಿಂಗಳ ಮೊದಲೇ, ಸೆಪ್ಟೆಂಬರ್‌ನಲ್ಲಿ, ಸ್ಟೆಲಾಂಟಿಸ್ ಕಂಪನಿ ತನ್ನ 'ರ‍್ಯಾಮ್' ಪಿಕಪ್‌ನ ಪೂರ್ಣ ಎಲೆಕ್ಟ್ರಿಕ್ ಮಾದರಿಯನ್ನು ಕೈಬಿಟ್ಟು ಇದೇ ದಾರಿ ಹಿಡಿದಿತ್ತು.

ಈ ಸುದ್ದಿ ನಮ್ಮ ಕ್ಲಾಸಿನ ವಾಟ್ಸ್‌ಆ್ಯಪ್ ಗುಂಪಿಗೆ ಬಿದ್ದ ದಿನ ದೊಡ್ಡ ಗಲಾಟೆಯೇ ಆಯಿತು. ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿ. ಸೀಟು ತಗೊಂಡ ದಿನದಿಂದ ನಾನು ಕೇಳಿಸಿಕೊಂಡಿದ್ದು ಒಂದೇ ಮಾತು: 'ಎಂಜಿನ್ ಕಾಲ ಮುಗೀತು, ಮೆಕ್ಯಾನಿಕಲ್ ಯಾಕೆ ತಗೊಂಡೆ?' ಅದನ್ನೇ ಹೇಳುತ್ತಿದ್ದವರು ಈಗ 'ಇ.ವಿ. ಕಾಲ ಮುಗೀತು' ಎನ್ನತೊಡಗಿದರು. ಎರಡನ್ನೂ ನಂಬುವ ಮೊದಲು ಒಂದು ಸಣ್ಣ ಪ್ರಶ್ನೆ ಹಿಡಿದು ಲೆಕ್ಕ ಹಾಕಿ ನೋಡೋಣ ಎನಿಸಿತು. ಬ್ಯಾಟರಿ ಟ್ರಕ್ ಸೋತಿದ್ದು ಯಾರ ಕೈಯಲ್ಲಿ? ಯಾವ ಕೆಲಸದಲ್ಲಿ?

ಹುಡುಕುತ್ತಾ ಹೋದಾಗ ಮತ್ತೆ ಮತ್ತೆ ಎದುರಾದವರು ಬೇಟೆಗಾರರು, ಕಾಡಿನಲ್ಲಿ ಟೆಂಟ್ ಹಾಕುವವರು, ದೋಣಿಯನ್ನೋ ಟ್ರೇಲರನ್ನೋ ಎಳೆದುಕೊಂಡು ಹೋಗುವವರು. ನಮಗೆ ಇದು ವಿಚಿತ್ರವೆನಿಸುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇಲ್ಲಿ ಬೇಟೆ ಎಂದರೆ ಅಪರಾಧ. ಅಲ್ಲಿ ಅದು ಲೈಸೆನ್ಸ್ ಪಡೆದು, ಋತು ನೋಡಿ, ಇಷ್ಟೇ ಎಂಬ ಮಿತಿಯೊಳಗೆ ನಡೆಯುವ ವ್ಯವಹಾರ. 2022ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಆ ವರ್ಷ ಬೇಟೆಯಾಡಿದವರು 1.4 ಕೋಟಿಗೂ ಹೆಚ್ಚು ಮಂದಿ. 1937ರಿಂದ ಬಂದೂಕು, ಮದ್ದುಗುಂಡುಗಳ ಮೇಲೆ ಶೇ 10–11ರಷ್ಟು ತೆರಿಗೆ ಹಾಕಿ, ಆ ಹಣವನ್ನು ರಾಜ್ಯಗಳ ವನ್ಯಜೀವಿ ಸಂರಕ್ಷಣೆಗೇ ಕೊಡುತ್ತಾರೆ. ಬೇಟೆಯ ಬಗ್ಗೆ ನನಗೆ ಒಲವೇನೂ ಇಲ್ಲ. ಆದರೆ ವಾಹನದ ಯೋಗ್ಯತೆ ಅಳೆಯಲು ಇದಕ್ಕಿಂತ ಕಠಿಣ ಪರೀಕ್ಷೆ ಸಿಗುವುದು ಕಷ್ಟ.

ಮಿಷಿಗನ್ ರಾಜ್ಯವನ್ನೇ ತೆಗೆದುಕೊಳ್ಳಿ. ಲೈಟ್ನಿಂಗ್ ತಯಾರಾಗುತ್ತಿದ್ದ ಡಿಯರ್‌ಬಾರ್ನ್ ಇರುವುದು ಅಲ್ಲಿಯೇ. ಬಂದೂಕಿನಿಂದ ಜಿಂಕೆ ಬೇಟೆಯಾಡುವ ಋತು ಅಲ್ಲಿ ಪ್ರತಿ ವರ್ಷ ನವೆಂಬರ್ 15ಕ್ಕೆ ಶುರುವಾಗುತ್ತದೆ. ಅಲ್ಲಿ ಕೆಲಸದಲ್ಲಿರುವ ನಮ್ಮ ದೊಡ್ಡಪ್ಪನ ಮಗ ಅಣ್ಣ ಹೇಳುವುದು ಹೀಗೆ: 'ಆ ದಿನ ಬಂತು ಅಂದ್ರೆ ಆಫೀಸಲ್ಲಿ ಅರ್ಧ ಕುರ್ಚಿ ಖಾಲಿ ಕಣೇ. ನಮ್ಮೂರಲ್ಲಿ ಜಾತ್ರೆಗೆ ರಜೆ ಹಾಕ್ತಾರಲ್ಲ, ಹಂಗೆ.' ಅನೇಕರು ಹೊರಡುವುದು ಉತ್ತರದ ತುದಿಯಲ್ಲಿರುವ 'ಅಪ್ಪರ್ ಪೆನಿನ್ಸುಲಾ' ಎಂಬ ಕಾಡು ಸೀಮೆಗೆ. ಡೆಟ್ರಾಯಿಟ್‌ನಿಂದ ಅದರ ಬಾಗಿಲಿನಂತಿರುವ ಮ್ಯಾಕಿನಾ ಸೇತುವೆಗೇ ಸುಮಾರು 460 ಕಿ.ಮೀ. ದೂರ. ಅಲ್ಲಿಂದಾಚೆ ಇಡೀ ಸೀಮೆಯ ಜನಸಂಖ್ಯೆ ಸುಮಾರು ಮೂರು ಲಕ್ಷ. ಚಳಿ ಸೊನ್ನೆಗಿಂತ ಕೆಳಗಿಳಿಯುವ ಕಾಲ, ಹಿಂದೆ ಟ್ರೇಲರ್, ಹೆದ್ದಾರಿ ಬಿಟ್ಟ ಮೇಲೆ ಮಣ್ಣು ದಾರಿ.

ಈಗ ಲೆಕ್ಕಕ್ಕೆ ಬರೋಣ. ದೊಡ್ಡ ಬ್ಯಾಟರಿಯ ಲೈಟ್ನಿಂಗ್‌ನಲ್ಲಿ 131 ಯೂನಿಟ್ ವಿದ್ಯುತ್ ಹಿಡಿಯುತ್ತದೆ. ನಮ್ಮಲ್ಲಿ ಎಷ್ಟೋ ಮನೆಗಳ ತಿಂಗಳ ಕರೆಂಟ್ ಬಿಲ್ಲಿನಲ್ಲಿ ಬರುವುದು ಇಷ್ಟೇ ಯೂನಿಟ್. ಅಧಿಕೃತ ಪರೀಕ್ಷೆಯಲ್ಲಿ ಇದಕ್ಕೆ ಸಿಕ್ಕ ವ್ಯಾಪ್ತಿ 320 ಮೈಲಿ, ಅಂದರೆ 515 ಕಿ.ಮೀ. ಕಾಗದದ ಮೇಲೆ ಸೇತುವೆ ದಾಟಿಬಿಡಬಹುದು. ಆದರೆ ಅಮೆರಿಕದ ವಾಹನ ಬಳಕೆದಾರರ ಸಂಘಟನೆ 'ಎಎಎ' 2019ರಲ್ಲಿ ಐದು ಎಲೆಕ್ಟ್ರಿಕ್ ಕಾರುಗಳನ್ನು ಮೈನಸ್ 7 ಡಿಗ್ರಿ ಚಳಿಯಲ್ಲಿ, ಹೀಟರ್ ಹಾಕಿ ಪರೀಕ್ಷಿಸಿದಾಗ ವ್ಯಾಪ್ತಿ ಸರಾಸರಿ ಶೇ 41ರಷ್ಟು ಕುಸಿದಿತ್ತು. ಹೀಟ್ ಪಂಪ್ ಇರುವ ಹೊಸ ಮಾದರಿಗಳಲ್ಲಿ ಈ ನಷ್ಟ ಕಡಿಮೆ, ಆದರೂ ಇದ್ದೇ ಇದೆ. ಇನ್ನು ಭಾರದ ಟ್ರೇಲರ್ ಕಟ್ಟಿದರೆ ವ್ಯಾಪ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ಅನೇಕ ವಾಹನ ಪತ್ರಿಕೆಗಳ ಪರೀಕ್ಷೆಗಳಲ್ಲಿ ಕಂಡ ಸಂಗತಿ. 515 ಎಂದಿದ್ದು ಟ್ರೇಲರ್‌ನಿಂದಲೇ 250ರ ಆಸುಪಾಸಿಗೆ ಬಂತು. ಚಳಿಯನ್ನೂ ಸೇರಿಸಿದರೆ 200 ಕಿ.ಮೀ.ಗೆ ಒಮ್ಮೆ ಚಾರ್ಜರ್ ಹುಡುಕಬೇಕು. ವೇಗದ ಚಾರ್ಜರ್ ಸಿಕ್ಕಿದರೂ ಶೇ 15ರಿಂದ 80ಕ್ಕೆ ಏರಲು 40 ನಿಮಿಷ ಬೇಕು. ಹೆಚ್ಚಿನ ಕಡೆ ಚಾರ್ಜರ್ ಮುಂದಿನ ಜಾಗದಲ್ಲಿ ಟ್ರೇಲರ್ ಹಿಡಿಸುವುದಿಲ್ಲ, ಬಿಚ್ಚಿಟ್ಟು ಹೋಗಬೇಕು. ಕಾಡಿನ ಗುಡಿಸಲಲ್ಲಿ ಸಾಮಾನ್ಯ 120 ವೋಲ್ಟ್ ಪ್ಲಗ್ ಇದ್ದರೆ ಹನ್ನೆರಡು ಗಂಟೆ ಹಾಕಿಟ್ಟರೂ ಸಿಗುವುದು 50 ಕಿ.ಮೀ. ಓಟ.

ಪೆಟ್ರೋಲ್ ಟ್ರಕ್‌ನವನಿಗೆ ಈ ತಲೆನೋವಿಲ್ಲ. 20 ಲೀಟರ್ ಕ್ಯಾನ್ ಒಂದನ್ನು ಹಿಂದೆ ಹಾಕಿಕೊಂಡರೆ ಮುಗಿಯಿತು. ಆ ಕ್ಯಾನ್‌ನ ಮಹತ್ವ ಅರ್ಥವಾಗಬೇಕಾದರೆ ಎಂಜಿನಿಯರಿಂಗ್ ಮೊದಲ ವರ್ಷದ ಲೆಕ್ಕ ಸಾಕು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿ ಇದೆ. ಎಂಜಿನ್ ಅದರಲ್ಲಿ ಮುಕ್ಕಾಲು ಭಾಗವನ್ನು ಶಾಖವಾಗಿ ಹಾಳು ಮಾಡಿದರೂ 20 ಲೀಟರ್‌ನಿಂದ 45 ಯೂನಿಟ್ ಚಕ್ರಕ್ಕೆ ಸಿಗುತ್ತದೆ. ಆ ಪೆಟ್ರೋಲಿನ ತೂಕ 15 ಕೆ.ಜಿ. ಅಷ್ಟೇ 45 ಯೂನಿಟ್ ಹಿಡಿಯುವ ಬ್ಯಾಟರಿಯ ತೂಕ 250 ಕೆ.ಜಿ.ಗೂ ಹೆಚ್ಚು. ಎಲೆಕ್ಟ್ರಿಕ್ ಮೋಟಾರ್ ಎಷ್ಟೇ ಜಾಣನಾಗಿರಲಿ, ಕಾಡಿನ ನಡುವೆ ಬ್ಯಾಟರಿಯನ್ನು ಕ್ಯಾನ್‌ನಲ್ಲಿ ಒಯ್ಯಲಾಗುವುದಿಲ್ಲ. ತನ್ನದೇ ಬ್ಯಾಟರಿಯ ಭಾರದಿಂದ ಸುಮಾರು 3 ಟನ್ ತೂಗುವ ಲೈಟ್ನಿಂಗ್ ಕೆಸರಿನಲ್ಲಿ ಹೂತರೆ ಎಳೆದು ತೆಗೆಯುವವರ ಪಾಡೂ ಸುಲಭದ್ದಲ್ಲ.

ಹಾಗಂತ ಎಲೆಕ್ಟ್ರಿಕ್ ಟ್ರಕ್ ಕಾಡಿಗೆ ಲಾಯಕ್ಕಿಲ್ಲ ಎಂದುಬಿಟ್ಟರೆ ಅರ್ಧ ಸತ್ಯವನ್ನಷ್ಟೇ ಹೇಳಿದಂತೆ. 2021ರಲ್ಲಿ ಅಮೆರಿಕದ ಗ್ರಾಹಕರ ಕೈ ಸೇರಿದ ಎಲೆಕ್ಟ್ರಿಕ್ ಪಿಕಪ್ 'ರಿವಿಯನ್ ಆರ್1ಟಿ'. ಅದನ್ನು ರೂಪಿಸಿದ್ದೇ ಹೊರಾಂಗಣದವರಿಗಾಗಿ. ಮೂರಡಿ ನೀರಿನಲ್ಲಿ ದಾಟಬಲ್ಲದು, ನಾಲ್ಕು ಚಕ್ರಕ್ಕೂ ಬೇರೆ ಬೇರೆ ಮೋಟಾರ್ ಇರುವ ಮಾದರಿಯೂ ಇದೆ. ಕಲ್ಲುಬಂಡೆಗಳ ಮೇಲೆ ಆಮೆಯಂತೆ ತೆವಳಲು ಸೊನ್ನೆ ವೇಗದಿಂದಲೇ ಪೂರ್ಣ ಎಳೆತ ಕೊಡುವ ಮೋಟಾರಿಗಿಂತ ಒಳ್ಳೆಯದು ಇಲ್ಲ. ಸದ್ದಿಲ್ಲ, ಹೊಗೆಯ ವಾಸನೆಯಿಲ್ಲ. ಜಿಂಕೆಯ ಕಿವಿ, ಮೂಗು ಎಷ್ಟು ಚುರುಕೆಂದು ಗೊತ್ತಿರುವವನಿಗೆ ಇದರ ಬೆಲೆ ಗೊತ್ತು. ಲೈಟ್ನಿಂಗ್‌ನಲ್ಲಿ ಎಂಜಿನ್ ಇರಬೇಕಾದ ಜಾಗ ಖಾಲಿ, ಅಲ್ಲಿ ಬೀಗ ಹಾಕುವ ದೊಡ್ಡ ಡಿಕ್ಕಿ. ಟ್ರಕ್ಕಿನಿಂದಲೇ 9.6 ಕಿಲೊವ್ಯಾಟ್‌ವರೆಗೆ ವಿದ್ಯುತ್ ತೆಗೆದು ಟೆಂಟಿನ ದೀಪ, ಮಾಂಸದ ಫ್ರೀಜರ್, ಒಲೆ ಎಲ್ಲವನ್ನೂ ನಡೆಸಬಹುದು.

ಸಣ್ಣ ವಾಹನಗಳಲ್ಲಂತೂ ಇದು ಇನ್ನೂ ಸ್ಪಷ್ಟ. ಹೊಲ, ತೋಟ, ಬೇಟೆಯ ಜಮೀನಿನೊಳಗೆ ಓಡಾಡುವ ಪೊಲಾರಿಸ್ ಕಂಪನಿಯ 'ರೇಂಜರ್' ಗಾಡಿಗೆ 2021ರ ಕೊನೆಯಲ್ಲಿ ಎಲೆಕ್ಟ್ರಿಕ್ ರೂಪ ಬಂತು. ದೊಡ್ಡ ಬ್ಯಾಟರಿಯ ಮಾದರಿಯ ವ್ಯಾಪ್ತಿ 130 ಕಿ.ಮೀ.ಯಷ್ಟೇ. ಬೆಳಿಗ್ಗೆ ಹೊರಟು ಸಂಜೆ ಅದೇ ಕೊಟ್ಟಿಗೆಗೆ ಮರಳುವ ಗಾಡಿಗೆ ಅಷ್ಟು ಧಾರಾಳ. ಹೀಗಾಗಿ ತೊಡಕು ಇರುವುದು ಕಾಡಿನಲ್ಲಿ ಅಲ್ಲ, ಕಾಡಿಗೆ ಹೋಗುವ ದಾರಿಯಲ್ಲಿ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಹೈಬ್ರಿಡ್? ಅದೇ ಎಫ್–150ಗೆ 2021ರ ಮಾದರಿಯಿಂದ 'ಪವರ್‌ಬೂಸ್ಟ್' ಎಂಬ ಹೈಬ್ರಿಡ್ ಆಯ್ಕೆ ಇದೆ. 3.5 ಲೀಟರ್ ಪೆಟ್ರೋಲ್ ಎಂಜಿನ್, ಜೊತೆಗೆ ಕೇವಲ 1.5 ಯೂನಿಟ್‌ನ ಪುಟ್ಟ ಬ್ಯಾಟರಿ. ಪ್ಲಗ್ ಹಾಕುವ ಗೋಜಿಲ್ಲ. ನಾಲ್ಕು ಚಕ್ರಕ್ಕೂ ಚಾಲನೆ ಇರುವ ಮಾದರಿಯ ಅಧಿಕೃತ ಮೈಲೇಜ್ ಲೀಟರಿಗೆ 10 ಕಿ.ಮೀ., ಟ್ಯಾಂಕ್ 116 ಲೀಟರ್. ಅಂದರೆ ತುಂಬಿಸಿದರೆ 1,100 ಕಿ.ಮೀ.ಗೂ ಹೆಚ್ಚು. ಟ್ರೇಲರ್ ಕಟ್ಟಿದರೆ ಇದೂ ಕುಸಿಯುತ್ತದೆ, ಆದರೆ ಬಂಕ್‌ನಲ್ಲಿ ಐದು ನಿಮಿಷಕ್ಕೆ ಮತ್ತೆ ತುಂಬುತ್ತದೆ. ಬೇಕೆಂದರೆ 7.2 ಕಿಲೊವ್ಯಾಟ್ ವಿದ್ಯುತ್ ಕೊಡುವ ಜನರೇಟರ್ ಆಗಿಯೂ ನಿಲ್ಲುತ್ತದೆ. 2021ರ ಫೆಬ್ರುವರಿಯಲ್ಲಿ ಹಿಮಗಾಳಿಗೆ ಸಿಕ್ಕು ಟೆಕ್ಸಸ್ ಕತ್ತಲಲ್ಲಿ ಮುಳುಗಿದಾಗ ಕೆಲವರು ಇದೇ ಟ್ರಕ್ಕಿನಿಂದ ಮನೆಗೆ ವಿದ್ಯುತ್ ಎಳೆದುಕೊಂಡರು. ಡೀಲರ್‌ಗಳ ಬಳಿ ಇದ್ದ ಇಂಥ ಟ್ರಕ್ಕುಗಳನ್ನು ಜನರಿಗೆ ಎರವಲು ಕೊಡಿ ಎಂದು ಫೋರ್ಡ್ ಕೇಳಿಕೊಂಡಿತ್ತು. ಕೊರತೆ ಒಂದೇ: ಪುಟ್ಟ ಬ್ಯಾಟರಿಯಾದ್ದರಿಂದ ಎಂಜಿನ್ ಮೇಲಿಂದ ಮೇಲೆ ಹೊತ್ತಿಕೊಳ್ಳುತ್ತದೆ. ನಸುಕಿನ ಮೌನದಲ್ಲಿ ಆ ಸದ್ದು ಬೇಟೆಗಾರನಿಗೆ ಬೇಡ.

ಕಂಪನಿಗಳು ಈಗ ಹೊರಳಿರುವುದು ಇವೆರಡರ ನಡುವಿನ ದಾರಿಗೆ. ಚಕ್ರ ತಿರುಗಿಸುವುದು ಮೋಟಾರ್ ಮಾತ್ರ. ಎಂಜಿನ್‌ಗೆ ಕರೆಂಟ್ ಉತ್ಪಾದಿಸುವುದಷ್ಟೇ ಕೆಲಸ. ಹೊಸದೇನೂ ಅಲ್ಲ, ನಮ್ಮ ಡೀಸೆಲ್ ರೈಲು ಎಂಜಿನ್‌ಗಳು ಓಡುವುದೇ ಹೀಗೆ. ರ‍್ಯಾಮ್ ಹೇಳಿರುವ ಅಂಕಿಗಳಂತೆ ಅದರ ಟ್ರಕ್ಕಿನಲ್ಲಿ 92 ಯೂನಿಟ್ ಬ್ಯಾಟರಿ, 3.6 ಲೀಟರ್ ಎಂಜಿನ್, 130 ಕಿಲೊವ್ಯಾಟ್ ಜನರೇಟರ್. ಬ್ಯಾಟರಿಯಿಂದಲೇ 230 ಕಿ.ಮೀ., ಪೆಟ್ರೋಲನ್ನೂ ಸೇರಿಸಿ 1,100 ಕಿ.ಮೀ. ಎಂಬುದು ಗುರಿ. ಊರಿನ ಓಡಾಟ ಮನೆಯ ಪ್ಲಗ್‌ನಲ್ಲಿ, ಉತ್ತರದ ಕಾಡಿನ ದಾರಿ ಪೆಟ್ರೋಲಿನಲ್ಲಿ, ಕೊನೆಯ ಮಣ್ಣುದಾರಿ ಸದ್ದಿಲ್ಲದೆ ಬ್ಯಾಟರಿಯಲ್ಲಿ. ಬೇಟೆಗಾರನಿಗೆ ಇದು ಹೇಳಿ ಮಾಡಿಸಿದಂತಿದೆ ಎಂದೇ ನನ್ನ ಲೆಕ್ಕ. ಎರಡು ಯಂತ್ರಗಳ ತೂಕ, ಎರಡರ ಬೆಲೆ ಹೊರಬೇಕಾಗುತ್ತದೆ ಎಂಬುದೂ ನಿಜ.

ಬೆಲೆಯ ಮಾತು ಬಂದದ್ದರಿಂದ ಹೇಳುತ್ತೇನೆ, ಲೈಟ್ನಿಂಗ್ ನಿಂತಿದ್ದಕ್ಕೆ ಚಳಿ, ಟ್ರೇಲರ್ ಮಾತ್ರ ಕಾರಣವಲ್ಲ. 2021ರಲ್ಲಿ 40 ಸಾವಿರ ಡಾಲರ್‌ಗೂ ಕಡಿಮೆ ಎಂದು ಘೋಷಿಸಿದ್ದ ಆರಂಭಿಕ ಬೆಲೆ 2023ರ ಹೊತ್ತಿಗೆ 60 ಸಾವಿರದ ಹತ್ತಿರ ಹೋಗಿ, ಆಮೇಲೆ 50 ಸಾವಿರಕ್ಕೆ ಇಳಿಯಿತು. ಎಲೆಕ್ಟ್ರಿಕ್ ವಾಹನ ಕೊಂಡವರಿಗೆ ಸಿಗುತ್ತಿದ್ದ 7,500 ಡಾಲರ್‌ವರೆಗಿನ ತೆರಿಗೆ ವಿನಾಯಿತಿ 2025ರ ಸೆಪ್ಟೆಂಬರ್ 30ಕ್ಕೆ ಕೊನೆಗೊಂಡಿತು. 2024ರಲ್ಲಿ ಫೋರ್ಡ್‌ನ ಎಲೆಕ್ಟ್ರಿಕ್ ವಿಭಾಗದ ನಷ್ಟವೇ 500 ಕೋಟಿ ಡಾಲರ್ ದಾಟಿತ್ತು. 'ವರ್ಷದಲ್ಲಿ ಎರಡು ವಾರ ಬೇಟೆಗೆ ಹೋಗುವವನು ಉಳಿದ ಐವತ್ತು ವಾರ ಆಫೀಸಿಗೇ ಅಲ್ಲವೇ ಹೋಗುವುದು?' ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆಯೇ. ಆದರೆ 50 ಸಾವಿರ ಡಾಲರ್ ಕೊಡುವವನು ಆ ಎರಡು ವಾರವನ್ನು ನೆನೆದೇ ಟ್ರಕ್ ಆರಿಸುತ್ತಾನೆ. ನಮ್ಮಲ್ಲೂ ವರ್ಷಕ್ಕೊಮ್ಮೆ ಇಡೀ ಮನೆಯವರು ಧರ್ಮಸ್ಥಳಕ್ಕೆ ಹೋಗುವುದನ್ನು ನೆನೆದು ಏಳು ಸೀಟಿನ ಕಾರು ಕೊಳ್ಳುವವರು ಕಡಿಮೆಯೇನಿಲ್ಲ.

ಇದೆಲ್ಲ ದೂರದ ಕಥೆ ಎನಿಸಿದರೆ ಬಿಡದಿಗೆ ಬನ್ನಿ. ಕರ್ನಾಟಕ 2017ರಲ್ಲೇ ಎಲೆಕ್ಟ್ರಿಕ್ ವಾಹನ ನೀತಿ ತಂದ ರಾಜ್ಯ. ಇಲ್ಲಿನ ಟೊಯೋಟಾ ಕಾರ್ಖಾನೆಯಿಂದ ಹೊರಬರುವ ಇನೋವಾ ಹೈಕ್ರಾಸ್‌ಗೆ ಹೈಬ್ರಿಡ್ ಆಯ್ಕೆ ಇದೆ. ಅದೇ ಬಿಡದಿಯಿಂದ ಬರುವ ಹೈಲಕ್ಸ್ ಪಿಕಪ್ ಡೀಸೆಲ್‌ನಲ್ಲಿ ಓಡುತ್ತದೆ. ಬೆಂಗಳೂರಿನಲ್ಲೇ ಬ್ಯಾಟರಿ ಸ್ಕೂಟರ್ ಕಂಪನಿಗಳೂ ಇವೆ. ಕೆಲಸ ಹುಡುಕುವ ನಮ್ಮಂಥವರ ಮುಂದೆ ಇವೆಲ್ಲ ಒಟ್ಟಿಗೇ ನಿಂತಿವೆ. ಆದರೆ ಕಾಲೇಜಿನಲ್ಲಿ ಎಂಜಿನ್ ಕಲಿಸುವವರು ಬ್ಯಾಟರಿಯ ಸುದ್ದಿ ಎತ್ತುವುದಿಲ್ಲ, ಇ.ವಿ. ಕೋರ್ಸಿಗೆ ಫೀಸು ಕಟ್ಟಿದರೆ ಅಲ್ಲಿ ಎಂಜಿನ್ ಮಾತೇ ಇಲ್ಲ. ನನ್ನ ಸೆಮಿನಾರಿಗೆ ಜನರೇಟರ್ ಎಂಜಿನ್ ವಿಷಯ ಆರಿಸಿಕೊಂಡಾಗ ಇದು ಮೆಕ್ಯಾನಿಕಲ್ಲೋ ಎಲೆಕ್ಟ್ರಿಕಲ್ಲೋ ಎಂಬ ಚರ್ಚೆಯಲ್ಲೇ ಅರ್ಧ ಗಂಟೆ ಕಳೆಯಿತು.

ಆ ಸೆಮಿನಾರಿಗೆ ನಾನು ಹಿಡಿದಿರುವ ಪ್ರಶ್ನೆ ಇದು. ವರ್ಷದಲ್ಲಿ ಎರಡೇ ವಾರ ಕೆಲಸವಿರುವ ಎಂಜಿನ್‌ನ ಟ್ಯಾಂಕಿನಲ್ಲಿ ಪೆಟ್ರೋಲ್ ತಿಂಗಳುಗಟ್ಟಲೆ ಕೂತರೆ ಕೆಡುತ್ತದೆ, ಒಳಗಿನ ಭಾಗಗಳಿಗೆ ಎಣ್ಣೆ ತಾಗದೆ ತುಕ್ಕು ಹಿಡಿಯಬಹುದು. 2010ರಲ್ಲಿ ಬಂದ ಷೆವರ್ಲೆ ವೋಲ್ಟ್ ಕಾರಿನಲ್ಲೂ ಇದೇ ತೊಡಕಿತ್ತು. ಆರು ವಾರ ಬಳಸದಿದ್ದರೆ ಅದರ ಎಂಜಿನ್ ಸ್ವಲ್ಪ ಹೊತ್ತು ತಾನಾಗಿ ಓಡುತ್ತಿತ್ತು. ಪೆಟ್ರೋಲ್ ಒಂದು ವರ್ಷಕ್ಕಿಂತ ಹಳೆಯದಾದರೆ ಅದನ್ನು ಉರಿಸಿ ಮುಗಿಸುತ್ತಿತ್ತು. ಅದು ಪುಟ್ಟ ಕಾರಿನ ಟ್ಯಾಂಕ್. ನೂರು ಲೀಟರ್ ತುಂಬಿಸಿ, ನವೆಂಬರ್‌ವರೆಗೆ ಶೆಡ್ಡಿನಲ್ಲಿ ನಿಲ್ಲುವ ಟ್ರಕ್ಕಿಗೆ ಏನು ಮಾಡಬೇಕು ಎಂಬುದನ್ನು ಈಗ ಯೋಚಿಸುತ್ತಿದ್ದೇನೆ.